ತಲೆಯಾಡಿಸಿದ ಟೋಪಿ

"ಹೋಟೆಲ್ಲು, ರೂಮು, ಬೆಲ್ ಒತ್ತಿದರೆ ಬರೋ ಕಾಫಿ, ಇವೆಲ್ಲ ಮುದುಕರ ರಜೆ! ಈ ಸಲ ನಾವು ಹೋಗೋದು ರಸ್ತೆ ಮುಗಿದ ಮೇಲೆ ಶುರುವಾಗೋ ಜಾಗಕ್ಕೆ!"

ಕನ್ನಡಕದಂಗಡಿಯ ಯಜಮಾನರು ಹೀಗೆ ಘೋಷಿಸಿದಾಗ ಅವರ ಒಂದು ಕೈಯಲ್ಲಿ ಭಾವಮೈದುನನಿಂದ ಕಾಡಿ ಬೇಡಿ ತಂದ ಜೀಪಿನ ಕೀಲಿಕೈ ಇತ್ತು. ಇನ್ನೊಂದು ಕೈಯಲ್ಲಿ ಹೊಚ್ಚಹೊಸ ಟೆಂಟಿನ ಚೀಲ. ಚೀಲದ ಮೇಲೆ ಹಿಮಾಚ್ಛಾದಿತ ಶಿಖರವೊಂದರ ಚಿತ್ರವಿತ್ತು. ಅದನ್ನು ಹಿಡಿದ ಕ್ಷಣದಿಂದಲೇ ಯಜಮಾನರ ಎದೆ ಎರಡು ಇಂಚು ಉಬ್ಬಿತ್ತು.

"ರೀ, ಮಣ್ಣುರಸ್ತೆಯಲ್ಲಿ ಜೀಪು ಓಡಿಸೋಕೆ ಬರುತ್ತಾ ನಿಮಗೆ?" ಎಂದು ಹೆಂಡತಿ ಕೇಳಿದಳು.

"ಕಾರು ಓಡಿಸೋನಿಗೆ ಜೀಪು ಯಾವ ಲೆಕ್ಕ? ಅದಕ್ಕೂ ನಾಲ್ಕು ಚಕ್ರ, ಇದಕ್ಕೂ ನಾಲ್ಕು ಚಕ್ರ."

"ಬೆಟ್ಟದ ಮೇಲೆ ದಾರಿ ಗೊತ್ತಾಗಬೇಕಲ್ಲ?"

"ಕಣ್ಣು ಚೆನ್ನಾಗಿದ್ರೆ ದಾರಿ ತಾನಾಗೇ ಕಾಣುತ್ತೆ! ಇಡೀ ಪೇಟೆಗೆ ಕಣ್ಣು ಕೊಟ್ಟೋನು ಕಣೇ ನಾನು!"

ಹೆಂಡತಿ ಮುಂದೆ ಮಾತಾಡಲಿಲ್ಲ. ಅವಳು ಸಾರ್ವಜನಿಕ ಗ್ರಂಥಾಲಯದ ಮೇಲ್ವಿಚಾರಕಿ. ದಿನವಿಡೀ ಅಲ್ಲಿ ಕೂತು ಮೌನವನ್ನು ಕಾಯುವುದೇ ಅವಳ ಕೆಲಸ. ಹಾಗಾಗಿ ಮನೆಯಲ್ಲಿ ಮಾತು ಬಿಟ್ಟಳೆಂದರೆ ಆ ಮೌನಕ್ಕೊಂದು ವೃತ್ತಿಪರ ಗಾಂಭೀರ್ಯವಿರುತ್ತಿತ್ತು. ಯಜಮಾನರು ಪಕ್ಕದ ಕೋಣೆಯಲ್ಲಿ ಸೀನುವುದಕ್ಕೂ ಹೆದರುತ್ತಿದ್ದರು!

ಜೀಪು ಹೊರಟಿತು. ಡಾಂಬರು ಮುಗಿಯಿತು, ಜಲ್ಲಿ ಮುಗಿಯಿತು, ಕೊನೆಗೆ ಹೊಲಗಳ ನಡುವಿನ ಗಾಡಿಜಾಡು ಮಾತ್ರ ಉಳಿಯಿತು. ಕಣ್ಣು ಹಾಯುವಷ್ಟು ದೂರ ಏರುತಗ್ಗಿನ ಹುಲ್ಲುಗಾವಲು, ಕಲ್ಲುಗೋಡೆ ಹಾಕಿದ ಹೊಲಗಳು, ಅಲ್ಲಲ್ಲಿ ಕುರಿಮಂದೆ. ತಪ್ಪಲಿನ ತೋಟದಮನೆಯ ಒಡತಿ, ದೊಡ್ಡ ಬೂಟು ತೊಟ್ಟ ಗಟ್ಟಿಮುಟ್ಟಾದ ಹೆಂಗಸು, ತನ್ನ ಜಮೀನಿನೊಳಗೆ ಹಾದುಹೋಗಲು ನಗುತ್ತಲೇ ಒಪ್ಪಿದಳು.

"ಹೋಗಿ ಬನ್ನಿ. ಆದ್ರೆ ದಾರೀಲಿ ಸಿಗೋ ಗೇಟುಗಳನ್ನೆಲ್ಲ ಮುಚ್ಚಿ ಹೋಗ್ಬೇಕು. ಇಲ್ಲಾಂದ್ರೆ ನನ್ನ ಕುರಿಗಳೆಲ್ಲ ಪಕ್ಕದೋರ ಕುರಿ ಜೊತೆ ಸೇರ್ಕೊಂಡ್ಬಿಡ್ತವೆ."

"ಆ ಖಾತೆ ನಮ್ಮ ಮನೆಯವಳದ್ದು!" ಎಂದು ಯಜಮಾನರು ಹೆಂಡತಿಯನ್ನು ಸ್ಥಳದಲ್ಲೇ ಗೇಟುಮಂತ್ರಿಯನ್ನಾಗಿ ನೇಮಿಸಿದರು.

ಅಲ್ಲಿಂದ ಅದೇ ಕವಾಯತು. ಗೇಟು ಬಂದಾಗ ಹೆಂಡತಿ ಇಳಿಯುವುದು, ತೆಗೆಯುವುದು, ಜೀಪು ದಾಟಿದ ಮೇಲೆ ಮುಚ್ಚಿ, ತಂತಿ ಸಿಕ್ಕಿಸಿ, ತಲೆಯ ಹುಲ್ಲುಟೋಪಿ ಹಿಡಿದುಕೊಂಡು ಓಡಿಬಂದು ಹತ್ತುವುದು. ಹಿಂದಿನ ಸೀಟಿನ ಸಾಮಾನು ಕುಲುಕಾಟಕ್ಕೆ ಮುಂದೆ ಬಂದು ಬೀಳುತ್ತಿತ್ತು. ಹಾಗಾಗಿ ಅವಳು ತನ್ನ ಹಾಸಿಗೆ ಸುರುಳಿಯನ್ನು ತೊಡೆಯ ಮೇಲೇ ಇಟ್ಟುಕೊಂಡು ಕೂತಿದ್ದಳು.

ಮಧ್ಯಾಹ್ನದ ಊಟವಾದ ಮೇಲೆ ದಾರಿ ಕವಲೊಡೆಯಿತು.

"ಬಲಕ್ಕೆ," ಎಂದಳು ಹೆಂಡತಿ, ನಕ್ಷೆ ನೋಡಿ.

"ಎಡಕ್ಕೆ," ಎಂದರು ಯಜಮಾನರು, ಏನನ್ನೂ ನೋಡದೆ.

ಎಡಕ್ಕೆ ಹೋದರು. ಅರ್ಧ ಬೆಟ್ಟ ಸುತ್ತಿದ ಮೇಲೆ ದಾರಿ ಒಂದು ಹುಲ್ಲಿನ ಬಣವೆಗೆ ಡಿಕ್ಕಿ ಹೊಡೆದು ನಿಂತಿತು. ಬಣವೆಯ ಮೇಲೆ ಮಲಗಿದ್ದ ಬೆಕ್ಕು ಎದ್ದು ಕೂತು ಯಜಮಾನರನ್ನು ಮೇಲಿನಿಂದ ಕೆಳಗೆ ನೋಡಿತು.

"ಈ ಬಣವೆ ನೋಡೋಕಂತಲೇ ಬಂದೆ," ಎಂದರು ಯಜಮಾನರು. "ಎಷ್ಟು ಚೆನ್ನಾಗಿ ಒಟ್ಟಿದ್ದಾರೆ ನೋಡು!"

ಹೆಂಡತಿ ನಕ್ಷೆ ಮಡಚಿದಳು. ಅಷ್ಟೆ. ಮಾತು ನಿಂತಿತು.

ಈ ದಂಪತಿಯ ಜಗಳಕ್ಕೊಂದು ಸಂವಿಧಾನವಿದೆ. ಮಾತು ಬಿಟ್ಟ ಮೇಲೆ ಯಾರು ಮೊದಲು ಇನ್ನೊಬ್ಬರ ಮುಖ ನೋಡುತ್ತಾರೋ ಅವರು ಸೋತಂತೆ. ಆದ್ದರಿಂದ ಯಜಮಾನರು ಕತ್ತನ್ನು ಕಂಬದಂತೆ ನೆಟ್ಟಗೆ ನಿಲ್ಲಿಸಿ, ರಸ್ತೆಯನ್ನೇ ನುಂಗುವವರಂತೆ ನೋಡುತ್ತ ಜೀಪು ಓಡಿಸಿದರು. ಬಂದ ದಾರಿಗೆ ಮರಳಿ, ಬಲಕ್ಕೆ ತಿರುಗಿದ್ದಾಯಿತು. ಬೆಟ್ಟದ ಹೆಗಲ ಮೇಲಿನ ಗೇಟಿಗೆ ಬರುವ ಹೊತ್ತಿಗೆ ಗಾಳಿ ಎದ್ದಿತ್ತು. ಹೆಂಡತಿ ಇಳಿದಳು. ಗೇಟು ತೆರೆಯಿತು. ಜೀಪು ದಾಟಿತು. ಸ್ವಲ್ಪ ಹೊತ್ತಿನಲ್ಲೇ ಪಕ್ಕದ ಬಾಗಿಲು 'ಧಡಾರ್' ಎಂದು ಮುಚ್ಚಿತು.

"ಬಾಗಿಲ ಮೇಲ್ಯಾಕೆ ಕೋಪ?" ಎಂದರು ಯಜಮಾನರು, ಮುಂದಕ್ಕೇ ನೋಡುತ್ತ. "ನಿನ್ನ ತಮ್ಮನ ಜೀಪೇ ಅದು! ಮುರಿದ್ರೆ ನಿನ್ನ ತವರಿಗೇ ನಷ್ಟ!"

ಜೀಪು ಧೂಳೆಬ್ಬಿಸಿ ಹೊರಟಿತು.

ಆದರೆ ಯಜಮಾನರಿಗೆ ಎರಡು ಫರ್ಲಾಂಗಿಗಿಂತ ಹೆಚ್ಚು ದೂರ ಮಾತಿಲ್ಲದೆ ಹೋಗುವ ಶಕ್ತಿಯನ್ನು ದೇವರು ಕೊಟ್ಟಿರಲಿಲ್ಲ. ಮುಖ ನೋಡಬಾರದೆಂದು ನಿಯಮವಿದೆ, ಮಾತಾಡಬಾರದೆಂದು ಇಲ್ಲವಲ್ಲ! "ಅಬ್ಬ, ಆ ಶಿಖರ ನೋಡೇ!" ಎಂದು ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸಿ ತೋರಿಸಿದರು. ಕಡೆಗಣ್ಣಿಗೆ ಹೆಂಡತಿಯ ಹುಲ್ಲುಟೋಪಿ ಕಂಡಿತು. ಜೀಪು ಗುಂಡಿಗೆ ಇಳಿದೆದ್ದಾಗ ಟೋಪಿ ಹೌದೆಂಬಂತೆ ಬಾಗಿತು.

ತಲೆಯಾಡಿಸಿದಳು! ಯಜಮಾನರಿಗೆ ಆನೆ ಬಲ ಬಂತು.

"ಅದಕ್ಕೇ ಹೇಳ್ತಿದ್ದೆ, ತಾರಸಿ ಮೇಲೊಂದು ದೂರದರ್ಶಕ ಇಟ್ರೆ ಹೇಗೆ? ದಿನಾ ನಕ್ಷತ್ರ ನೋಡಬಹುದು."

ಗುಂಡಿ ಬಂತು. ಟೋಪಿ ಬಾಗಿತು.

"ದುಡ್ಡು ದಂಡ ಅಂತ ಹೋದ ವರ್ಷ ಹಾರಾಡಿದ್ದೆ. ಈಗ ಅರ್ಥ ಆಯ್ತಲ್ಲ?"

ಇನ್ನೊಂದು ಗುಂಡಿ. ಟೋಪಿ ಎರಡು ಸಲ ಬಾಗಿತು.

ಮದುವೆಯಾದಾಗಿನಿಂದ ಒಂದೇ ಒಂದು ವಾದದಲ್ಲಿ ಗೆಲ್ಲದಿದ್ದ ಮನುಷ್ಯ ಆ ಬೆಟ್ಟದ ಏರಿನಲ್ಲಿ ಸಾಲುಸಾಲಾಗಿ ಗೆಲ್ಲುತ್ತ ಹೋದರು. ದೂರದರ್ಶಕ ಮಂಜೂರಾಯಿತು. ಬೆಳಗಿನ ಓಟ ರದ್ದಾಯಿತು. ಹಳೆಯ ಆರಾಮಕುರ್ಚಿ ಗುಜರಿಗೆ ಹೋಗದೆ ನಡುಮನೆಯಲ್ಲೇ ಉಳಿಯಿತು. ಭಾವಮೈದುನನ ಸಂಗೀತದ ಬಗ್ಗೆ ಯಜಮಾನರಿಗಿದ್ದ ಅಭಿಪ್ರಾಯವೂ ಅವಿರೋಧವಾಗಿ ಅಂಗೀಕಾರವಾಯಿತು! ಮುಂದಿನ ಗೇಟಿನಲ್ಲಿ ಅವರು ಔದಾರ್ಯದ ಶಿಖರದ ಮೇಲಿದ್ದರು.

"ನೀನು ಕೂತ್ಕೋ, ನಾನೇ ತೆಗೀತೀನಿ," ಎಂದು ತಾವೇ ಇಳಿದು ಗೇಟು ತೆಗೆದರು, ಜೀಪು ದಾಟಿಸಿದರು, ಮತ್ತೆ ಇಳಿದು ಮುಚ್ಚಿದರು. ಹತ್ತುವಾಗ ಕಣ್ಣು ಮಾತ್ರ ಅತ್ತ ಹಾಯಿಸಲಿಲ್ಲ. ಗೆಲ್ಲುತ್ತಿರುವಾಗ ಸೋಲುವುದೆ? ಬಿಸ್ಕತ್ತಿನ ಪೊಟ್ಟಣ ಒಡೆದು ಒಂದನ್ನು ಪಕ್ಕಕ್ಕೆ ಚಾಚಿದರು.

"ತಗೋ."

ಯಾರೂ ತೆಗೆದುಕೊಳ್ಳಲಿಲ್ಲ. ಕೈ ನೋಯುವವರೆಗೆ ಚಾಚಿದರು. ಕೊನೆಗೆ ತಾವೇ ತಿಂದರು. ತಲೆಯಾಡಿಸುತ್ತಾಳೆ, ಬಿಸ್ಕತ್ತು ಮುಟ್ಟುವುದಿಲ್ಲ! ಇದು ಸಾಧಾರಣ ಕೋಪವಲ್ಲ ಎನಿಸಿತು.

ಅಷ್ಟರಲ್ಲಿ ತಿರುವಿನಲ್ಲಿ ಕುರಿಮಂದೆ ಎದುರಾಯಿತು. ದಾರಿ ತುಂಬ ಕುರಿ. ಯಜಮಾನರು ಇಂಜಿನ್ ಆರಿಸಿದರು. ಆಗ ಜೀಪಿನೊಳಗಿನ ಮೌನ ಮೊದಲ ಸಲ ಅವರಿಗೆ ಪೂರ್ತಿ ಕೇಳಿಸಿತು. ಉಸಿರಾಡಿದ ಸದ್ದೂ ಇಲ್ಲ. ಗೆದ್ದ ದೂರದರ್ಶಕ, ಉಳಿಸಿಕೊಂಡ ಕುರ್ಚಿ ಎಲ್ಲ ಒಮ್ಮೆಲೇ ಸಪ್ಪಗಾದವು. ಅವರು ಗಾಜಿನಾಚೆಯ ಕುರಿಗಳನ್ನೇ ನೋಡುತ್ತ, ಸಣ್ಣ ದನಿಯಲ್ಲಿ ಶುರು ಮಾಡಿದರು.

"ಇವಳೇ, ಕೇಳು. ಬಣವೆ ನೋಡೋಕೆ ಹೋಗಿದ್ದಲ್ಲ. ದಾರಿ ತಪ್ಪಿದ್ದೇ. ನೀನು ಹೇಳಿದ್ದೇ ಸರಿ ಇತ್ತು. ಯಾವಾಗ್ಲೂ ಸರೀನೇ ಇರುತ್ತೆ, ಅದೇ ನನಗೆ ಉರಿಯೋದು. ಒಂದು ಮಾತು ಹೇಳ್ಲಾ? ಒಬ್ಬನೇ ಇದ್ರೆ ನಾನು ನಮ್ಮ ಬೀದಿಯಲ್ಲೂ ಹುಷಾರಾಗಿ ನಡೀತೀನಿ. ನೀನು ಪಕ್ಕದಲ್ಲಿದ್ದೀಯ ಅನ್ನೋ ಧೈರ್ಯದ ಮೇಲೇನೇ ನಾನು ದಾರಿ ತಪ್ಪೋದು. ತಪ್ಪಾಯ್ತು ಕಣೇ."

ಮದುವೆಯಾದ ಮೇಲೆ ಅವರು ಹೇಳಿದ ಮೊದಲ ಪೂರ್ಣ ಪ್ರಮಾಣದ ಕ್ಷಮಾಪಣೆ ಅದು! ಹೇಳುತ್ತ ಹೇಳುತ್ತ ಅವರ ಕಣ್ಣೇ ಒದ್ದೆಯಾಯಿತು.

ಕಿಟಕಿಯ ಬಳಿ ಯಾರೋ ಕೆಮ್ಮಿದರು. ಕುದುರೆಯ ಮೇಲೆ ಕೂತ ಕುರಿಗಾಹಿ ಮುದುಕ ಬಗ್ಗಿ ಜೀಪಿನೊಳಗೆ ನೋಡುತ್ತಿದ್ದ. ಮೊದಲು ಯಜಮಾನರನ್ನು ನೋಡಿದ, ಆಮೇಲೆ ಪಕ್ಕದ ಸೀಟನ್ನು ನೋಡಿದ. ಮೆಲ್ಲಗೆ ತನ್ನ ಟೊಪ್ಪಿಗೆ ತೆಗೆದು ಎದೆಗೆ ಒತ್ತಿಕೊಂಡ.

"ಯಾರ ಹತ್ರ ಮಾತಾಡ್ತಿದ್ರಿ ಸ್ವಾಮಿ?"

"ಹೆಂಡ್ತಿ ಹತ್ರ." ಯಜಮಾನರು ಮುಂಗೈಯಿಂದ ಕಣ್ಣೊರೆಸಿಕೊಂಡರು. "ಮಾತು ಬಿಟ್ಟಿದ್ದಾಳೆ."

"ಅಯ್ಯೋ. ಯಾವಾಗಿಂದ?"

"ಇವತ್ತು ಊಟ ಆದಾಗಿಂದ."

"ಇವತ್ತೇನಾ? ಪಾಪ, ಇನ್ನೂ ಹಸಿ ದುಃಖ." ಮುದುಕ ಲೊಚಗುಟ್ಟಿದ. "ಏನೂ ಮಾತಾಡಲ್ವಾ?"

"ತಲೆ ಮಾತ್ರ ಆಡಿಸ್ತಾಳೆ."

ಮುದುಕನ ಕುದುರೆ ತಾನಾಗಿಯೇ ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು.

"ಸ್ವಾಮಿ, ಧೈರ್ಯ ತಂದ್ಕೊಳ್ಳಿ. ಒಂದು ಸಲ ಪಕ್ಕಕ್ಕೆ ತಿರುಗಿ ನೋಡಿ."

"ನಾನ್ಯಾಕೆ ನೋಡ್ಲಿ? ಬೇಕಾದ್ರೆ ಅವಳೇ ನೋಡ್ಲಿ!"

"ಅದಕ್ಕೆ ಕಣ್ಣಿಲ್ಲ ಸ್ವಾಮಿ."

ಯಜಮಾನರ ವೃತ್ತಿಗೌರವಕ್ಕೆ ಬೆಂಕಿ ಬಿತ್ತು. "ಏನಂದ್ರಿ? ಅವಳ ಕಣ್ಣು ಪರೀಕ್ಷೆ ಮಾಡಿದೋನೇ ನಾನು! ಕೊನೇ ಸಾಲಿನ ಇರುವೆಯಂಥ ಅಕ್ಷರಾನೂ ಓದ್ತಾಳೆ! ನೋಡಿ ಬೇಕಾದ್ರೆ, ಇಲ್ನೋಡಿ!"

ತೋರಿಸಲೆಂದು ತಿರುಗಿದರು.

ಸೀಟಿನ ಮೇಲೆ ಹಾಸಿಗೆ ಸುರುಳಿ ನೆಟ್ಟಗೆ ಕೂತಿತ್ತು. ಅದರ ತಲೆಯ ಮೇಲೆ ಹುಲ್ಲುಟೋಪಿ ಇತ್ತು. ಬಹಳ ಶಾಂತವಾದ ಮುಖಭಾವ. ಮುಖವೊಂದೇ ಇರಲಿಲ್ಲ!

ಗಾಳಿಗೆ ಟೋಪಿ ಹಾರೀತೆಂದು ಅವಳು ಅದನ್ನು ಹಾಸಿಗೆಗೆ ತೊಡಿಸಿ ಇಳಿದದ್ದು, ಬಾಗಿಲು ಬಡಿದದ್ದು ಗಾಳಿ, ತಾವು ಹೊರಟುಬಂದದ್ದು, ಎಲ್ಲವೂ ಒಂದೇ ಏಟಿಗೆ ಯಜಮಾನರ ತಲೆಗೆ ಹೊಳೆಯಿತು. ಬಾಯಿಂದ ಒಂದು ವಿಚಿತ್ರ ಸದ್ದು ಹೊರಟಿತು. ಅದನ್ನು ಕೇಳಿ ಕುರಿಗಳು ತಾವಾಗಿಯೇ ದಾರಿ ಬಿಟ್ಟವು. ಮುದುಕ ಸೊಂಟದ ವಾಕಿಟಾಕಿಗೆ ಕೈಹಾಕುವಷ್ಟರಲ್ಲಿ ಜೀಪು ಕಲ್ಲುಗೋಡೆಗೆ ಒಮ್ಮೆ ಉಜ್ಜಿ, ತಿರುಗಿ, ಬಂದ ದಾರಿಯಲ್ಲೇ ಹಾರಿತ್ತು.

ಹೆಂಡತಿ ಇಳಿದ ಗೇಟು ಮುಟ್ಟುವ ಹೊತ್ತಿಗೆ ಬಿಸಿಲು ಕೆಂಪಾಗಿತ್ತು. ಗೇಟು ಮುಚ್ಚಿತ್ತು. ಗಂಡ ಬಿಟ್ಟುಹೋದ ಮೇಲೂ ಅವಳು ತಂತಿಯನ್ನು ಅಚ್ಚುಕಟ್ಟಾಗಿ ಸಿಕ್ಕಿಸಿ ಹೋಗಿದ್ದಳು. ಆದರೆ ಅವಳಿರಲಿಲ್ಲ. ಸುತ್ತ ಹುಲ್ಲು, ಗಾಳಿ, ಬೆಟ್ಟ. ಇಷ್ಟು ದೊಡ್ಡ ಜಾಗದಲ್ಲಿ ಅವಳು ಎತ್ತ ಹೋಗಿರಬಹುದು? ಸ್ವೆಟರ್ ಕೂಡ ಜೀಪಿನಲ್ಲೇ ಇದೆ.

"ಇವಳೇ!" ಎಂದು ಕೂಗಿದರು. "ಇವಳೇ... ವಳೇ..." ಎಂದಿತು ಎದುರಿನ ಬೆಟ್ಟ.

ಇಂಥ ಕಡೆ 'ಇವಳೇ' ಎಂದರೆ ಯಾರು ಓಗೊಡುತ್ತಾರೆ! ಎಷ್ಟೋ ವರ್ಷದಿಂದ ನಾಲಿಗೆಯ ಮೇಲೆ ತಂದಿರದ ಅವಳ ಹೆಸರು ಹಿಡಿದು, ಗಂಟಲು ಹರಿಯುವಂತೆ ಕೂಗಿದರು. ಮತ್ತೆ ಮತ್ತೆ ಕೂಗಿದರು. ಒಂದು ಹಸು ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿತು. ಯಜಮಾನರು ಜೀಪು ಹತ್ತಿ ತೋಟದಮನೆಯತ್ತ ನುಗ್ಗಿಸಿದರು. ನಡುವಿನ ಗೇಟುಗಳನ್ನೆಲ್ಲ ತಾವೇ ತೆಗೆದು ತಾವೇ ಮುಚ್ಚುವಾಗ, ಬೆಳಗಿನಿಂದ ಅವಳು ಪಟ್ಟ ಪಾಡೇನೆಂದು ಅವರ ಸೊಂಟಕ್ಕೆ ತಿಳಿಯಿತು.

ಬೆಟ್ಟದ ಕಾಲುದಾರಿ ಹಿಡಿದು ಇಳಿದುಬಂದಿದ್ದ ಹೆಂಡತಿ ತೋಟದಮನೆಯ ಅಂಗಳದ ಬೆಂಚಿನ ಮೇಲೆ ಕೂತಿದ್ದಳು. ಹೆಗಲ ಮೇಲೆ ಒಡತಿಯ ಶಾಲು, ಕೈಯಲ್ಲಿ ಹಬೆಯಾಡುವ ಚಹಾ. ಯಜಮಾನರಿಗೆ ಹೋದ ಜೀವ ಬಂತು. ಇಳಿದು ಓಡಿಬಂದು, ಮುಟ್ಟಬೇಕೋ ಕೈಮುಗಿಯಬೇಕೋ ತಿಳಿಯದೆ ಎದುರು ನಿಂತರು.

"ಬಂದ್ರಾ?" ಎಂದಳು ಹೆಂಡತಿ. "ತಂತಿ ಸಿಕ್ಕಿಸಿ ತಿರುಗಿದ್ರೆ ಬರೀ ಧೂಳು! ಕೂಗಿದೆ, ಕೈ ಬೀಸಿದೆ. ನೀವೂ ಕಿಟಕಿಯಿಂದ ಕೈ ಬೀಸಿ ಟಾಟಾ ಮಾಡ್ಕೊಂಡು ಹೋದ್ರಿ!"

"ಅದು ಟಾಟಾ ಅಲ್ವೇ, ಶಿಖರ ತೋರಿಸ್ತಿದ್ದೆ!"

"ಯಾರಿಗೆ?"

ಯಜಮಾನರು ನೆಲ ನೋಡಿದರು. ಒಡತಿ ಶಾಲಿನ ಚುಂಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅಡ್ಡದಾರಿಯಲ್ಲಿ ಕುದುರೆ ಓಡಿಸಿಕೊಂಡು ಇವರಿಗಿಂತ ಮೊದಲೇ ಬಂದು ತಲುಪಿದ್ದ ಕುರಿಗಾಹಿ ಮುದುಕ ಅವಳ ಪಕ್ಕದಲ್ಲೇ ನಿಂತಿದ್ದ. ಬೆಟ್ಟದಲ್ಲಿ ನಡೆದದ್ದೆಲ್ಲ ವಾಕಿಟಾಕಿಯಲ್ಲಿ ಈ ಅಂಗಳಕ್ಕೆ ಆಗಲೇ ಮುಟ್ಟಿತ್ತೆಂದು ಅವರ ಮುಖಗಳೇ ಹೇಳುತ್ತಿದ್ದವು.

"ಅಲ್ಲಿ ಏನೋ ಹೇಳಿದ್ರಂತೆ," ಎಂದಳು ಹೆಂಡತಿ, ಚಹಾ ಗುಟುಕರಿಸಿ. "ನನಗೂ ಸ್ವಲ್ಪ ಹೇಳಿ, ಕೇಳೋಣ."

ಯಜಮಾನರು ಗಂಟಲು ಸರಿಮಾಡಿಕೊಂಡರು. ಎಲ್ಲರ ಕಣ್ಣೂ ಅವರ ಮೇಲೇ ಇತ್ತು. ಬೆಟ್ಟದಲ್ಲಿ ನದಿಯಂತೆ ಹರಿದ ಮಾತು ಈಗ ನಲ್ಲಿಯ ಕೊನೆಯ ಹನಿಯಂತೆ ತೊಟ್ಟಿಕ್ಕಿತು. "ಅದೇ... ಆ ಬಣವೆ ವಿಷಯ... ದಾರಿ ಸ್ವಲ್ಪ... ನಂದೂ ಸ್ವಲ್ಪ ತಪ್ಪು ಅಂತ... ಇಟ್ಕೋಬಹುದು."

ಹೆಂಡತಿ ಮುದುಕನ ಕಡೆ ತಿರುಗಿದಳು. "ಹಾಸಿಗೆ ಹತ್ರಾನೂ ಹೀಗೇ ಹೇಳಿದ್ರಾ?"

"ಇಲ್ಲಮ್ಮ," ಎಂದ ಮುದುಕ, ಸುಳ್ಳು ಹೇಳಿ ಅಭ್ಯಾಸವಿಲ್ಲದವನು. "ಅದಕ್ಕೆ ಇನ್ನೂ ಚೆನ್ನಾಗಿ ಹೇಳಿದ್ರು. ಕಣ್ಣಲ್ಲಿ ನೀರೂ ಹಾಕಿದ್ರು."

ಹೆಂಡತಿ ಲೋಟ ಕೆಳಗಿಟ್ಟು ಎದ್ದು, ಜೀಪಿನಿಂದ ಹಾಸಿಗೆ ಸುರುಳಿ ತಂದು ಗಂಡನ ಕೈಗಿಟ್ಟಳು.

"ಹಾಗಾದ್ರೆ ಇವತ್ತು ನೀವಿಬ್ರೂ ಟೆಂಟಲ್ಲಿ ಮಲಗಿ. ನನಗೆ ಈ ಅಕ್ಕ ಒಳಗೆ ಮಂಚ ಹಾಕಿಸಿದ್ದಾರೆ."