ಅಕ್ಕನ ಸಾಲಿಗೆ ಮೇಷ್ಟ್ರ ದನಿ

ದನಿ ಹಿಡಿಯೋ ಕೆಲಸ ಮಾಡೋನಿಗೆ ಒಂದು ಶಾಪ ಇರುತ್ತೆ ನೋಡ್ರಿ. ಮೈಕಿನ ಮುಂದೆ ಬಾಯಿ ಬಿಡಬೇಕಾದವರು ಸುಮ್ಮನಾಗ್ತಾರೆ, ಸುಮ್ಮನಿರಬೇಕಾದವರು ಬಾಯಿ ಬಿಡ್ತಾರೆ. ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲೆ ನನ್ನ ಸ್ಟುಡಿಯೋ. ಸ್ಟುಡಿಯೋ ಅಂದರೆ ದೊಡ್ಡದು ಅಂದುಕೋಬೇಡಿ. ಒಂದು ಕೋಣೆ, ಸದ್ದು ತಡೆಯೋಕೆ ಗೋಡೆಗೆ ನಮ್ಮಮ್ಮ ಹೊಲಿದ ನಾಲ್ಕು ಕೌದಿ, ಒಂದು ಮೈಕು, ಒಂದು ಕಂಪ್ಯೂಟರು. ಉಳ್ಳಾಗಡ್ಡಿ ಮಾರೋ ಆಟೋದಲ್ಲಿ ಕೂಗುತ್ತಲ್ಲ, ಆ ದನಿ ನಂದೇ. ಮನೆಯಾಗೂ ನಿಮ್ಮ ದನಿ, ಬೀದಿಯಾಗೂ ನಿಮ್ಮ ದನಿ, ನಾನು ಎಲ್ಲಿಗೆ ಹೋಗಲಿ ಅಂತ ನನ್ನ ಹೆಂಡತಿ ಕೇಳ್ತಾಳೆ.

ಎಂಟುನೂರು ವರ್ಷ ಹಿಂದಕ್ಕೆ

ನನ್ನ ಹತ್ತಿರ ಒಬ್ಬ ಕನ್ನಡ ಮೇಷ್ಟ್ರು ಬಂದರು. ರಿಟೈರಾದ ಮೇಲೆ ಹಳೇ ತ್ರಿಪದಿಯ ಅಚ್ಚಿನಲ್ಲಿ ಒಂಬತ್ತು ಹೊಸ ಪದ ಕಟ್ಟಿದ್ದರು. ಅವನ್ನ ಬೀಸೋಕಲ್ಲಿನ ಧಾಟಿಯಲ್ಲಿ ಹಾಡಿಸಿ ಆಲ್ಬಂ ಮಾಡಬೇಕು, ವಾದ್ಯ ಒಂದೂ ಇರಬಾರದು, ಬರೀ ಗಂಟಲು. ಕೇಳಿದವರು ಎಂಟುನೂರು ವರ್ಷ ಹಿಂದಕ್ಕೆ ಹೋಗಬೇಕು ಅಂದರು.

ನನಗೆ ಖುಷಿಯೋ ಖುಷಿ. ಉಳ್ಳಾಗಡ್ಡಿ ಬಿಟ್ಟು ಬೇರೆ ಏನಾದರೂ ಹಿಡಿದು ಬಹಳ ದಿನ ಆಗಿತ್ತು. ಆದರೆ ಕೈಯ ಚಟ ಬಿಡಬೇಕಲ್ಲ. ಮೇಷ್ಟ್ರು ಮಾದರಿಗೆ ಅಂತ ಮೊಬೈಲಿನಲ್ಲಿ ತಂದಿದ್ದ ಒಂದು ಹಳೇ ಬೀಸೋ ಪದಕ್ಕೆ ಮೆತ್ತಗೆ ಒಂಚೂರು ಕೀಬೋರ್ಡು ಸೇರಿಸಿ ಕೇಳಿಸಿದೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ, ಆ ಕಾಲದಲ್ಲಿ ಜೋಳ ಬೀಸೋ ಹೆಣ್ಣುಮಗಳ ಹಿಂದೆ ಕೀಬೋರ್ಡು ಹಿಡಕೊಂಡು ಯಾರು ಕೂತಿದ್ದರು ಅಂತ ಕೇಳಿದರು. ನಾನೂ ಬಿಡಲಿಲ್ಲ. ಆಗ ಮೈಕೂ ಇರಲಿಲ್ಲ, ಕರೆಂಟೂ ಇರಲಿಲ್ಲವಲ್ಲ ಸಾರ್ ಅಂದೆ. ನಾನು ಬಾಯಿ ಮುಚ್ಚೋದರೊಳಗೆ ಕರೆಂಟು ಹೋಯ್ತು.

ಕೌದಿ ಹೊದ್ದ ಕೋಣೆ ಗವ್ ಅಂತ ಕತ್ತಲಾಯ್ತು. ಆ ಕತ್ತಲಿಂದ ಮೇಷ್ಟ್ರು, "ಈಗ ಸರಿ ಆತು ನೋಡ್ರಿ. ಇನ್ನ ಶುರು ಮಾಡ್ರಿ" ಅಂದರು.

ಎರಡು ಚೀಲ ಜೋಳ

ಹಾಡೋಕೆ ಬಂದವಳು ಕೊಟ್ಟೂರಿನ ಒಬ್ಬ ಅಜ್ಜಿ. ಕುರಿ ಸಾಕೋ ಮನೆತನ, ಎಪ್ಪತ್ತು ದಾಟಿದೆ, ಅಕ್ಷರ ಗೊತ್ತಿಲ್ಲ. ಮೇಷ್ಟ್ರು ಒಂದು ಪದ ಎರಡು ಸಲ ಹೇಳಿದರೆ ಸಾಕು, ಅಜ್ಜಿಗೆ ಬಾಯಿಪಾಠ. ಜೊತೆಗೆ ಅವಳ ಓಣಿಯ ಇಬ್ಬರು ಹೆಣ್ಣುಮಕ್ಕಳು ಬಂದಿದ್ದರು. ಅವರದೂ ಒಳ್ಳೇ ಕಂಠ.

ಅಜ್ಜಿ ಬಾಯಿ ತೆಗೆದಳೋ ಇಲ್ಲವೋ, ಕೆಳಗೆ ಗಿರಣಿ ಶುರುವಾಯ್ತು. ಓಡಿ ಇಳಿದೆ. ಗಿರಣಿಯವನು ಒಳ್ಳೆಯವನು, ಈ ಹಿಟ್ಟು ಆದ ಕೂಡಲೆ ನಿಲ್ಲಿಸ್ತೀನಿ ಅಂದ. ಅರ್ಧ ತಾಸು ಕಾದೆವು. ನಿಲ್ಲಲಿಲ್ಲ. ಮತ್ತೆ ಇಳಿದೆ, ಇನ್ನೊಂದು ಚೂರು ಐತಿ ಅಂದ. ಮೂರನೇ ಸಲ ನನಗೆ ಸಿಟ್ಟು ನೆತ್ತಿಗೇರಿತ್ತು. ಇದು ಯಾವ ಪುಣ್ಯಾತ್ಮನ ಜೋಳ, ಮುಗಿಯೋದೇ ಇಲ್ಲವಲ್ಲ ಅಂದೆ. ಅವನು ಹಿಟ್ಟಿನ ಕೈ ಎತ್ತಿ ಮೇಲಕ್ಕೆ ತೋರಿಸಿದ.

ಮೇಲೆ ಹೋಗಿ ಕೇಳಿದರೆ ಅಜ್ಜಿ ಎಲೆಗೆ ಸುಣ್ಣ ಸವರುತ್ತಾ, "ಇಷ್ಟು ದೂರ ಬಂದು ಬರೇ ಹಾಡಿ ಹೋಗಂದ್ರ ಹೆಂಗ ತಮ್ಮಾ? ಮನ್ಯಾಗ ಹಿಟ್ಟು ಬ್ಯಾಡೇನು?" ಅಂದಳು. ಬೀಸೋ ಪದ ಹಾಡೋರು ಮನೆಯಲ್ಲೇ ಬೀಸಿಕೊಂಡು ಬರಬಾರದಾ ಅಂತ ಮೇಷ್ಟ್ರು ಮೆಲ್ಲಗೆ ಕೇಳಿದರು. ಕೈಯಲ್ಲಿ ಯಾರು ಬೀಸ್ತಾರೆ, ರಟ್ಟೆ ಬಿದ್ದುಹೋಗ್ತಾವೆ ಅಂತ ಅಜ್ಜಿ ಅವರನ್ನೇ ಬೈದಳು.

ಖಾಲಿ ಬಿಟ್ಟ ಸಾಲು

ಅಂತೂ ಗಿರಣಿ ನಿಂತಿತು. ಅಜ್ಜಿ ಮೊದಲನೇ ಸಾಲು ಎತ್ತಿದಳು. ಏನು ದನಿ ಅಂತೀರಿ, ಕೌದಿಯೊಳಗಿನ ನೂಲೂ ಕೇಳಿರಬೇಕು. ಸಾಲು ಮುಗಿಯಿತು, ಅಜ್ಜಿ ನಿಂತಳು. ನಾನು ಮೈಕು ಬಂದ್ ಮಾಡಿದೆ. ಯಾಕೆ ನಿಲ್ಲಿಸಿದಿ ಅಂತ ನನ್ನನ್ನೇ ಗದರಿಸಿದಳು. ಎರಡನೇ ಸಲವೂ ಒಂದು ಸಾಲು, ಆಮೇಲೆ ಮೌನ. ಪದ ಮರೆತಿರಬೇಕು ಅಂತ ಮೇಷ್ಟ್ರು ಹೇಳಿಕೊಡೋಕೆ ಹೋದರು.

"ಮರ್ತಿಲ್ಲ ಮೇಷ್ಟ್ರ. ಎರಡನೇ ಸಾಲು ನಮ್ಮಕ್ಕಂದು," ಅಂದಳು ಅಜ್ಜಿ.

ಬೀಸೋಕಲ್ಲಿಗೆ ಇಬ್ಬರು ಎದುರಾಬದುರಾ ಕೂತರೆ ಒಬ್ಬಳು ಸಾಲು ಎತ್ತಬೇಕು, ಇನ್ನೊಬ್ಬಳು ಹಿಡಿಯಬೇಕು. ನಲವತ್ತು ವರ್ಷ ಅಕ್ಕತಂಗಿ ಹಂಗೇ ಹಾಡಿದ್ದರಂತೆ. ಆರು ವರ್ಷದ ಹಿಂದೆ ಸಂಬಂಧಿಕರ ಮದುವೆಯಲ್ಲಿ ಬೀಸೋಕಲ್ಲಿನ ಶಾಸ್ತ್ರಕ್ಕೆ ಕೂತಾಗ ಅಕ್ಕನಿಗೆ ಕೆಮ್ಮು ಬಂತು, ತಂಗಿ ಅವಳ ಸಾಲನ್ನೂ ತಾನೇ ಹಾಡಿಬಿಟ್ಟಳು. ನನ್ನ ಸಾಲು ನುಂಗಿದಳು ಅಂತ ಅಕ್ಕ ಎದ್ದು ಕಾನಹೊಸಹಳ್ಳಿಯ ತನ್ನ ಮನೆಗೆ ಹೋದವಳು ಮತ್ತೆ ಮಾತಾಡಿಲ್ಲ. ಕರೆಸೋಣ ಅಂದರೆ, ಕರೆದರೆ ಬರುವವಳಲ್ಲ ಅಂತ ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಅವತ್ತು ಆಕೀ ಸಾಲು ಹಾಡಿದ್ದು ನಂದ ತಪ್ಪು ತಮ್ಮಾ. ಇನ್ನ ಹಾಡಂಗಿಲ್ಲ."

ಹೂಂ ಅಂದು ಒಂಬತ್ತೂ ಪದ ಹಂಗೇ ಹಿಡಿದೆ, ಒಂದು ಸಾಲು ಹಾಡು, ಒಂದು ಸಾಲು ಖಾಲಿ. ಆಮೇಲೆ ಕೂತು ಕೇಳಿದರೆ ಖಾಲಿ ಸಾಲುಗಳ ತುಂಬ ಅಜ್ಜಿ ಎಲೆಅಡಿಕೆ ಅಗಿಯೋ ಸದ್ದು. ಅದೂ ತಾಳ ತಪ್ಪದೆ ಬಂದಿತ್ತು.

ಮೇಷ್ಟ್ರ ಕಂಠ

ಖಾಲಿ ಜಾಗ ಯಾರಾದರೂ ತುಂಬಬೇಕಲ್ಲ. ಆ ಇಬ್ಬರು ಹೆಣ್ಣುಮಕ್ಕಳು ಒಬ್ಬೊಬ್ಬರೇ ಹಾಡಿ ತೋರಿಸಿದರು. ಹಾಲಿಗೆ ಬೆಲ್ಲ ಬೆರೆತ ಹಾಗಿತ್ತು. ಅಜ್ಜಿ ತಲೆ ಅಲ್ಲಾಡಿಸಿದಳು, ಸರಿಯಿಲ್ಲ ಅಂದಳು. ಆಮೇಲೆ ಸುತ್ತ ನೋಡಿ, ಮೇಷ್ಟ್ರು ಹಾಡಲಿ ಅಂದಳು.

ಮೇಷ್ಟ್ರ ಗಂಟಲು ಮೂವತ್ತು ವರ್ಷ ಕ್ಲಾಸಿನಲ್ಲಿ ಕೂಗಿ ಕೂಗಿ ತಗಡಾಗಿತ್ತು. ಆದರೆ ಕಲಾವಿದನಾಗೋ ಆಸೆ ಯಾರಿಗಿಲ್ಲ? ಬೇಡ ಬೇಡ ಅಂತಲೇ ಮಫ್ಲರ್ ಸುತ್ತಿಕೊಂಡರು, ಮೆಣಸಿನ ಕಷಾಯ ತರಿಸಿದರು, ಒಂಬತ್ತೂ ಹಾಡಿದರು. ನಾನು ಅಜ್ಜಿಯ ಕಡೆ ನೋಡಿದೆ. ಅವಳು ಸೆರಗು ಬಾಯಿಗೆ ಹಿಡಕೊಂಡು, ಭಾಳ ಚಲೋ ಬಂತು, ಹಿಂಗ ಇರಲಿ ಅಂದಳು. ಒಂದೇ ಮಾತು ನಡೆಸಿಕೊಡಬೇಕು, ಎಲ್ಲರಿಗಿಂತ ಮೊದಲು ಅಕ್ಕನ ಸೊಸೆಯ ಮೊಬೈಲಿಗೆ ಕಳಿಸಬೇಕು ಅಂದಳು. ಅಜ್ಜಿಗೆ ಆರು ವರ್ಷದ ಮೇಲೆ ತಕ್ಕ ಜೊತೆದನಿ ಸಿಕ್ಕಿತು ಅಂತ ಮೇಷ್ಟ್ರು ಮನೆಗೆ ಫೋನು ಮಾಡಿದರು. ಆಲ್ಬಮ್ಮಿನ ಮೇಲೆ ಹಾಕೋಕೆ ಫೋಟೋನೂ ತೆಗೆಸಿಕೊಂಡು ಬಂದರು.

ಯಾವನವ

ಕಳಿಸಿದ ಮಾರನೇ ದಿನದಿಂದ ಅಜ್ಜಿ ಕೆಲಸವಿಲ್ಲದಿದ್ದರೂ ಬಂದು ಸ್ಟುಡಿಯೋದ ಮೂಲೆಯಲ್ಲಿ ಕೂರತೊಡಗಿದಳು. ಕೇಳಿದರೆ, ಸುಮ್ಮನೆ ಬಂದೀನಿ ಅನ್ನೋಳು. ಮೂರನೇ ದಿನ ಮೇಷ್ಟ್ರೂ ಬಂದು ಕೂತಿದ್ದಾಗ ಮೆಟ್ಟಿಲ ಮೇಲೆ ದಡದಡ ಸದ್ದಾಯ್ತು. ಅಜ್ಜಿಯದೇ ಮುಖದ ಇನ್ನೊಬ್ಬ ಅಜ್ಜಿ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಾ, "ಯಾವನವ ನನ್ನ ಸಾಲಿನ್ಯಾಗ ಬಂದು ಕುಂತಾವ?" ಅಂದಳು.

ಹೊಗಳೋಕೆ ಬಂದಿದ್ದಾಳೆ ಅಂದುಕೊಂಡು ಮೇಷ್ಟ್ರು ಎದ್ದು ಕೈಮುಗಿದು, ನಾನೇ ತಾಯಿ ಅಂದರು.

ಅಕ್ಕ ಅವರನ್ನ ಮೇಲಿಂದ ಕೆಳಗೆ ನೋಡಿದಳು. "ನೀವು ಕಲ್ತೋರು, ನಾ ಏನೂ ಅನ್ನಂಗಿಲ್ಲರಿ. ಆದ್ರ ಅದನ್ನ ಕೇಳಿದಾಗಿಂದ ನಮ್ಮನಿ ಕುರಿ ಮೇವು ಮುಟ್ಟಿಲ್ಲ." ಆಮೇಲೆ ಮೂಲೆಗೆ ತಿರುಗಿ, "ಓಣ್ಯಾಗ ಹಾಡೋ ಹೆಣ್ಮಕ್ಕಳು ಇದ್ದಿದ್ದಿಲ್ಲೇನ್ಲೇ ನಿನಗ?" ಅಂದಳು.

ಆರು ವರ್ಷದ ಮೇಲಿನ ಮೊದಲನೇ ಮಾತು ಅದು. ತಂಗಿ ತಲೆ ಎತ್ತಲಿಲ್ಲ. "ಇದ್ರಕ್ಕಾ. ಅವ್ರು ಚಲೋ ಹಾಡಿದ್ರು. ಅದನ್ನ ಕೇಳಿದ್ರ ನೀ ಬರ್ತಿದ್ದಿಲ್ಲ."

ಮೇಷ್ಟ್ರು ನಿಧಾನಕ್ಕೆ ಮಫ್ಲರ್ ಬಿಚ್ಚಿ ಮಡಚಿ ಚೀಲಕ್ಕೆ ಹಾಕಿಕೊಂಡರು.

ಅಕ್ಕ ಚಪ್ಪಲಿ ಬಾಗಿಲಲ್ಲೇ ಬಿಟ್ಟಳು. ಆಮೇಲೆ ಬಂದು ತಂಗಿಯ ಎದುರಿಗೆ ಕೂತು, ಎತ್ತಲೇ ಅಂದಳು. ತಂಗಿ ಎತ್ತಿದಳು, ಅಕ್ಕ ಹಿಡಿದಳು. ನಡುವೆ ಕಲ್ಲಿಲ್ಲ, ಕಾಳಿಲ್ಲ, ಇಬ್ಬರ ಬಲಗೈ ಮಾತ್ರ ಒಟ್ಟಿಗೆ ಸುತ್ತುತ್ತಿತ್ತು. ನಾನು ಅತ್ತೆ, ನಾಚಿಕೆ ಏನು ಅದಕ್ಕೆ. ಮೇಷ್ಟ್ರೂ ಅತ್ತರು, ಅವರಿಗೆ ಎರಡು ಕಾರಣ ಇದ್ದವು.

ಇನ್ನು ಎಂಟು ಪದ ಒಂದು ತಾಸಿನ ಕೆಲಸ. ಅಕ್ಕ ಸೆರಗು ಕೊಡವಿ ಎದ್ದಳು. ಇವತ್ತಿಗೆ ಒಂದು ಸಾಕು, ಮುಂದಿನ ಸೋಮವಾರ ಬರ್ತೀನಿ ಅಂದಳು. ಸೋಮವಾರ ಬಂದವಳು ಹಿಂದಿನ ವಾರದ್ದರಲ್ಲೇ ತಪ್ಪು ತೆಗೆದು ಅದನ್ನೇ ಮತ್ತೆ ಹಾಡಿಸಿದಳು. ತನ್ನ ದನಿಗೆ ಯಾರು ಹೆಸರಿಟ್ಟರೂ ಸುಮ್ಮನಿರದ ತಂಗಿ ಹೂಂ ಹೂಂ ಅಂತ ತಲೆಯಾಡಿಸಿದಳು. ನಾಲ್ಕು ತಿಂಗಳಾಯ್ತು, ಮೂರನೇ ಪದದಲ್ಲಿದ್ದೇವೆ.

ಮೊನ್ನೆ ಸೋಮವಾರ ಮೈಕು ಹಾಕುತ್ತಲೇ ಗಿರಣಿ ಶುರುವಾಯ್ತು. ಕೊಟ್ಟೂರಜ್ಜಿಯ ಕಡೆ ನೋಡಿದೆ, ತನ್ನದಲ್ಲ ಅಂತ ಕೈ ಅಲ್ಲಾಡಿಸಿದಳು. ನಿಲ್ಲಿಸಿ ಬರೋಕೆ ಮೇಷ್ಟ್ರೇ ಇಳಿದುಹೋದರು. ಹೋದಷ್ಟೇ ಬೇಗ ವಾಪಸು ಬಂದು, ಅಕ್ಕನ ಕಡೆ ಬೆರಳು ತೋರಿಸಿ ಕೂತರು.

"ಅಷ್ಟು ದೂರದಿಂದ ಬರೇ ಹಾಡಾಕ ಬರ್ತಾರೇನ್ರಿ ಯಾರಾರ?" ಅಂದಳು ಅಕ್ಕ.