ಡ್ರಿಲ್ ಮಾಸ್ತರರ ಬಿಳಿ ಮಾತ್ರೆ

ಮನೆಯಲ್ಲಿ ದೊಡ್ಡ ಕಾಯಿಲೆ ಬಂದು ಕೂತರೆ ಎಲ್ಲರೂ ಮೆಲ್ಲಗೆ ಮಾತಾಡಬೇಕು, ಮುಖ ಸಪ್ಪೆ ಮಾಡಿಕೊಂಡಿರಬೇಕು ಎನ್ನುವುದು ಲೋಕರೂಢಿ. ನಮ್ಮ ಮನೆಯಲ್ಲಿ ಅದು ನಡೆಯಲೇ ಇಲ್ಲ. ಕಾಯಿಲೆ ಬಂದದ್ದು ನನಗೆ, ಮಾತ್ರೆ ನುಂಗಿದ್ದು ನಾನು, ಆದರೆ ಅದರ ಪರಿಣಾಮವೆಲ್ಲ ನಮ್ಮ ಬೀದಿಯ ಮೇಲೆ ಆಗುತ್ತಿತ್ತು. ಅಳುವುದಕ್ಕೆಂದು ತಯಾರಾಗಿ ಬಂದವರೂ ಕೊನೆಗೆ ಹೊಟ್ಟೆ ಹಿಡಿದುಕೊಂಡು ನಕ್ಕು ಹೋಗುತ್ತಿದ್ದರು. ಈಗ ವರ್ಷಗಳು ಕಳೆದಿವೆ. ಇನ್ನೂ ಮಾತ್ರೆ ನುಂಗುತ್ತಿದ್ದೇನೆ, ಇನ್ನೂ ಏನಾದರೊಂದು ನಡೆಯುತ್ತಲೇ ಇದೆ.

ನಾನು ಬಸವನಗುಡಿಯ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ತರನಾಗಿದ್ದು ರಿಟೈರ್ ಆದವನು. ಅರವತ್ತರ ದಶಕ ಶುರುವಾದ ಹೊಸತರಲ್ಲಿ ಜಯನಗರದಲ್ಲಿ ಮನೆ ಕಟ್ಟಿಸಿದೆ. ಆಗ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಗೃಹಪ್ರವೇಶದ ಹೋಳಿಗೆ ಅರಗುವ ಮೊದಲೇ ಸೊಂಟನೋವು ಹಿಡಿಯಿತು. ಮೈದಾನದ ತುಂಬ ಹುಡುಗರನ್ನು ಓಡಿಸಿದವನು ಹಾಸಿಗೆಯಿಂದ ಬಚ್ಚಲಿಗೆ ಹೋಗಲು ಮಗನ ಹೆಗಲು ಹಿಡಿಯಬೇಕಾಯಿತು.

ಡಾಕ್ಟರು ಫ್ಯಾನ್ ನೋಡಿದ್ದು

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ನನ್ನ ಮಗನನ್ನು ವರಾಂಡಕ್ಕೆ ಕರೆದು ಪಿಸುಗುಟ್ಟತೊಡಗಿದರು. ಆ ಕಾಲದಲ್ಲಿ ಈ ರೋಗದ ಹೆಸರನ್ನು ರೋಗಿಯ ಮುಂದೆ ಎತ್ತುತ್ತಿರಲಿಲ್ಲ. ನನಗೆ ರೇಗಿಹೋಯಿತು. "ಸಾರ್, ಸೊಂಟ ನಂದು. ನನಗೇ ಹೇಳಿ" ಎಂದೆ.

ಅವರು ಒಳಗೆ ಬಂದು ಕೂತು ಹೇಳಿದರು. ಪ್ರೋಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್, ಸೊಂಟದ ಮೂಳೆಗೂ ಇಳಿದಿದೆ. "ಈ ರೋಗ ಗಂಡಸರ ಹಾರ್ಮೋನ್ ತಿಂದ್ಕೊಂಡು ಬೆಳೆಯುತ್ತೆ. ಅದನ್ನ ತಡೆಯೋಕೆ ಹೆಂಗಸರ ಹಾರ್ಮೋನ್ ಮಾತ್ರೆ ಕೊಡ್ತೀನಿ. ದಿನಾ ತಗೋಬೇಕು. ನೀವಾಗೇ ಬಿಟ್ಟುಬಿಟ್ರೆ ರೋಗ ಮತ್ತೆ ತಲೆ ಎತ್ತುತ್ತೆ, ಆಮೇಲೆ ನನ್ನ ಕೈಲಿ ಏನೂ ಇರಲ್ಲ."

ಆಮೇಲೆ ಎಚ್ಚರಿಕೆಗಳು. ಮೊದಮೊದಲು ವಾಕರಿಕೆ ಬರುತ್ತದೆ. ಎದೆ ಹೆಂಗಸರ ಹಾಗೆ ಊದಿಕೊಂಡು ನೋಯಬಹುದು. ಕಾಲಲ್ಲಿ ನೀರು ತುಂಬಬಹುದು, ಅದಕ್ಕೆ ಉಪ್ಪು ಕಡಿಮೆ ಮಾಡಬೇಕು. ಒಂದೇ ಕಡೆ ಕೂತಿರದೆ ನಡೆದಾಡಬೇಕು. ಮೀನಖಂಡ ಊದಿ ನೋವು ಬಂದರೆ, ಏದುಸಿರು ಬಂದರೆ ಕೂಡಲೇ ಆಸ್ಪತ್ರೆಗೆ ಓಡಿ ಬರಬೇಕು, ಎಲ್ಲೋ ರಕ್ತ ಹೆಪ್ಪುಗಟ್ಟಿರುತ್ತದೆ. ಇಷ್ಟನ್ನು ಪಾಠದ ಹಾಗೆ ಒಪ್ಪಿಸಿದ ಡಾಕ್ಟರು ಪಕ್ಕದಲ್ಲಿದ್ದ ನನ್ನ ಹೆಂಡತಿಯ ಕಡೆ ಒಮ್ಮೆ ನೋಡಿ, ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನಿನ ಕಡೆ ದೃಷ್ಟಿ ನೆಟ್ಟರು.

"ಇನ್ನೊಂದು ವಿಷಯ ಇದೆ. ಅದು... ಗಂಡ ಹೆಂಡ್ತಿ ಮಧ್ಯೆ... ಯಜಮಾನರಿಗೆ ಆ ಕಡೆ ಆಸಕ್ತಿ ಪೂರ್ತಿ ಹೊರಟುಹೋಗಬಹುದು."

ನನ್ನ ಹೆಂಡತಿ ಕಣ್ಣೊರೆಸಿಕೊಂಡು ಹೇಳಿದಳು: "ಅದಕ್ಕೆ ಮಾತ್ರೆ ಯಾಕೆ ದಂಡ ಮಾಡ್ತೀರಿ ಡಾಕ್ಟ್ರೇ? ರೇಡಿಯೋದಲ್ಲಿ ವಾರ್ತೆ ಮುಗಿಯೋಕ್ಕೆ ಮುಂಚೆ ಗೊರಕೆ ಹೊಡೀತಾರೆ."

ಬಯಕೆ ಊಟ

ಡಾಕ್ಟರು ಹೇಳಿದಂತೆಯೇ ವಾಕರಿಕೆ ಶುರುವಾಯಿತು. ಬೆಳಗ್ಗೆ ಎದ್ದರೆ ಬಚ್ಚಲುಮನೆ, ಕಾಫಿ ವಾಸನೆ ಬಂದರೆ ಬಚ್ಚಲುಮನೆ. ಇದರ ಮೇಲೆ ಉಪ್ಪಿಲ್ಲದ ಸಾರು. ನಾಲಗೆ ಸತ್ತುಹೋದಂತಾಗಿ, ಮನೆಯವರು ಮಲಗಿದಾಗ ಮಾವಿನಕಾಯಿ ಉಪ್ಪಿನಕಾಯಿ ಭರಣಿಗೆ ಕೈ ಹಾಕುತ್ತಿದ್ದೆ.

ಹೀಗಿರುವಾಗ ಮಾಗಡಿಯಿಂದ ನನ್ನ ಸೋದರತ್ತೆ ಬಂದರು. ಹಣ್ಣು ಹಣ್ಣು ಮುದುಕಿ, ಅಳುತ್ತಾರೆಂದು ಕಾಯಿಲೆಯ ವಿಷಯ ಮುಚ್ಚಿಟ್ಟೆವು. ಆದರೆ ಅವರ ಕಿವಿ ಚುರುಕು. ಬೆಳಗ್ಗೆ ಬಚ್ಚಲಲ್ಲಿ ಯಾರೋ ಓಕರಿಸುವುದು ಕೇಳಿತು. ಉಪ್ಪಿನಕಾಯಿ ತಳ ಕಂಡದ್ದು ಕಾಣಿಸಿತು. ಮನೆಯಲ್ಲಿ ಹೊಸ ಸೊಸೆ ಬೇರೆ ಇದ್ದಳು. ಇಂಥ ಸಮಾಚಾರವನ್ನು ಮೊದಲ ತಿಂಗಳುಗಳಲ್ಲಿ ಬಾಯಿಬಿಟ್ಟು ಕೇಳಿದರೆ ದೃಷ್ಟಿಯಾಗುತ್ತದೆ ಎಂದು ನಂಬಿದ ಹಿರಿಯರು ಅವರು. ಆದ್ದರಿಂದ ನಾವು ಮುಚ್ಚಿಟ್ಟ ಹಾಗೆಯೇ ಅವರೂ ಮುಚ್ಚಿಟ್ಟು ನಗುತ್ತಾ ಓಡಾಡಿದರು.

ಆ ತಿಂಗಳುಗಳು ದಾಟಿದವೆಂದು ತಾವೇ ಲೆಕ್ಕ ಹಾಕಿದರೋ ಏನೋ, ಒಂದು ಶುಕ್ರವಾರ ನೋಡಿದರೆ ಅಡುಗೆಮನೆಯಲ್ಲಿ ಚಿತ್ರಾನ್ನ, ಕೋಡುಬಳೆ, ಕಾಯಿ ಹೋಳಿಗೆ. ನಡುಮನೆಯಲ್ಲಿ ಮಣೆ, ಸುತ್ತ ರಂಗೋಲಿ. ಬೀದಿಯ ಹೆಂಗಸರೆಲ್ಲ ರೇಷ್ಮೆ ಸೀರೆಯಲ್ಲಿ ಹಾಜರು. ಬಾಗಿಲಲ್ಲಿ ಬಳೆಗಾರ ಹೆಗಲಿನ ಬಳೆಗಳ ಮಲಾರ ಇಳಿಸುತ್ತಿದ್ದ. ಅತ್ತೆ ಸೊಸೆಯ ಕೈ ಹಿಡಿದು, "ಬಾ ತಾಯಿ, ಬಯಕೆ ಊಟಕ್ಕೆ ಕೂತ್ಕೋ" ಎಂದರು.

"ಅಯ್ಯೋ ಅಜ್ಜೀ, ನನಗೇನೂ ಇಲ್ಲ!" ಎಂದು ಅವಳು ಕೆಂಪಾದಳು.

"ನಿನಗಲ್ಲದಿದ್ರೆ ಬೆಳಗಾದ್ರೆ ವಾಂತಿ ಮಾಡ್ಕೊಳ್ಳೋರು ಯಾರೇ? ಉಪ್ಪಿನಕಾಯಿ ಖಾಲಿ ಮಾಡಿದೋರು ಯಾರು?"

ಇಡೀ ನಡುಮನೆ ನನ್ನ ಕಡೆ ತಿರುಗಿತು. ಇನ್ನು ಮುಚ್ಚಿಡುವಂತಿರಲಿಲ್ಲ. ನನ್ನ ಹೆಂಡತಿ ಅತ್ತೆಯನ್ನು ಕೂರಿಸಿ ಎಲ್ಲವನ್ನೂ ಹೇಳಿದಳು. ಅತ್ತೆ ಅತ್ತರು, ನಾವೂ ಅತ್ತೆವು. ಆಮೇಲೆ ಅವರು ಮೂಗು ಒರೆಸಿಕೊಂಡು, "ಮಾಡಿದ ಅಡುಗೆ ಹಾಳಾಗೋದು ಬೇಡ. ವಾಂತಿ ಮಾಡಿದೋನು ನೀನು ತಾನೇ? ಬಾ, ನೀನೇ ಮಣೆ ಮೇಲೆ ಕೂತ್ಕೋ. ಊಟ ಸೇರಿದ್ರೆ ತಾನೇ ಗಟ್ಟಿಯಾಗೋದು!" ಎಂದು ಗದರಿಸಿದರು. ಕೂತೆ. ಹೆಂಗಸರು ಆರತಿಯನ್ನೂ ಎತ್ತಿದರು. ಬಳೆಗಾರ ಬಾಗಿಲಿಂದಲೇ ನನ್ನ ಮುಂಗೈಯನ್ನು ಕಣ್ಣಲ್ಲೇ ಅಳೆದು ತಲೆಯಾಡಿಸಿದ.

"ಈ ಅಳತೆ ನನ್ನ ಹತ್ರ ಇಲ್ಲ ತಾಯಿ."

ನಮಸ್ಕಾರದ ಮಹಿಮೆ

ಕೆಲವು ವಾರಗಳಲ್ಲಿ ವಾಕರಿಕೆ ನಿಂತಿತು. ಅದಕ್ಕಿಂತ ದೊಡ್ಡ ಸಂಗತಿ, ಸೊಂಟನೋವು ಕರಗಿಹೋಯಿತು. ಒಂದು ಬೆಳಗ್ಗೆ ಯಾರ ಹೆಗಲೂ ಇಲ್ಲದೆ ಎದ್ದು ಗೇಟಿನ ತನಕ ನಡೆದೆ. ಮರುದಿನ ಬೀದಿಯ ಕೊನೆಗೆ, ಬರುಬರುತ್ತಾ ಯಡಿಯೂರು ಕೆರೆಯ ತನಕ. ಆ ಏರಿಯ ಮೇಲೆ ನಿಂತು ಗಾಳಿ ಕುಡಿದಾಗ ಆದ ಸಂತೋಷ ನನ್ನ ಸ್ಕೂಲಿನವರು ಶೀಲ್ಡ್ ಗೆದ್ದಾಗಲೂ ಆಗಿರಲಿಲ್ಲ.

ಆದರೆ ಕಾಲು ಊದುತ್ತಿತ್ತು. ಹೆಬ್ಬೆರಳಲ್ಲಿ ಒತ್ತಿ ಹಿಡಿದು ಬಿಟ್ಟಾಗ ಗುಳಿ ಹಾಗೇ ಉಳಿದರೆ ನೀರು ತುಂಬಿದೆ ಎಂದು ಡಾಕ್ಟರು ನನ್ನ ಹೆಂಡತಿಗೆ ಕಲಿಸಿಕೊಟ್ಟಿದ್ದರು. ಕಲಿಸಬಾರದಿತ್ತು. ಬೆಳಗ್ಗೆ ನನ್ನ ಕಾಲು ಒತ್ತಿ ಮುಗಿಸಿದ ಮೇಲೆ ಅವಳ ಹೆಬ್ಬೆರಳಿಗೆ ಬೇರೆ ಕೆಲಸವಿರುತ್ತಿರಲಿಲ್ಲ. ಮನೆಗೆ ಯಾವ ಹಿರಿಯರು ಬಂದರೂ ಬಾಗಿ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದಳು. ಮುಟ್ಟಿದಾಗ ಕಣಕಾಲನ್ನು ಗಟ್ಟಿಯಾಗಿ ಒತ್ತಿ ಬಿಡುತ್ತಿದ್ದಳು.

ಪಕ್ಕದ ಮನೆಯಲ್ಲಿ ಕೋರ್ಟಿನಿಂದ ರಿಟೈರಾದ ಶಿರಸ್ತೇದಾರರಿದ್ದರು. ಈ ಭಕ್ತಿಗೆ ಅವರು ಕರಗಿಹೋದರು. "ಏನು ಮಾಸ್ತರೇ, ಇಂಥ ನಮಸ್ಕಾರ ಈ ಕಾಲದಲ್ಲಿ ಯಾರು ಮಾಡ್ತಾರೆ! ಪಾದ ಹಿಡಿದ್ರೆ ಬಿಡೋದೇ ಇಲ್ವಲ್ಲ!" ಎಂದು ಕಣ್ಣು ತುಂಬಿಕೊಂಡು, "ದೀರ್ಘ ಸುಮಂಗಲೀ ಭವ" ಎಂದು ಕೈ ಎತ್ತಿದರು.

ನನ್ನ ಹೆಂಡತಿ ಕೆಳಗಿನಿಂದಲೇ, "ನಿಮ್ಮ ಆಶೀರ್ವಾದ. ಆದ್ರೆ ನಿಮಗೂ ಗುಳಿ ಬೀಳ್ತಾ ಇದೆ. ಇವತ್ತಿಂದ ಹಪ್ಪಳ, ಉಪ್ಪಿನಕಾಯಿ ಬಂದ್ ಮಾಡೋಕೆ ನಿಮ್ಮ ಮನೆಯವರಿಗೆ ಹೇಳ್ತೀನಿ" ಎಂದಳು. ಹೇಳಿಯೂ ಬಿಟ್ಟಳು. ಅಲ್ಲಿಂದ ಮುಂದೆ ಅವಳು ಬರುವುದು ಕಂಡರೆ ಶಿರಸ್ತೇದಾರರು ಕಾಲೆರಡನ್ನೂ ಎತ್ತಿ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿಕೊಳ್ಳುತ್ತಿದ್ದರು.

ಹೆಡ್‌ಮಾಸ್ಟರರ ಆಸೆ

ಕ್ಷೌರ ಮಾಡಲು ಮನೆಗೆ ಬರುತ್ತಿದ್ದವನು ಒಂದು ದಿನ ಕತ್ತರಿ ನಿಲ್ಲಿಸಿ, "ಸಾರ್, ಗಡ್ಡ ಬೆಳೆಯೋದು ನಿಧಾನ ಆಗಿದೆ, ನೆತ್ತಿ ಮೇಲೆ ಮಾತ್ರ ಹೊಸ ಕೂದಲು ಬರ್ತಿದೆ. ಏನು ಹಚ್ತೀರಿ?" ಎಂದ. ಮಾತ್ರೆ ಎಂದೆ. ಸಂಜೆಯೊಳಗೆ ಸುದ್ದಿ ಬಸವನಗುಡಿ ಮುಟ್ಟಿತು. ನನ್ನ ಹಳೆಯ ಹೆಡ್‌ಮಾಸ್ಟರು ಟೋಪಿ ಹಾಕಿಕೊಂಡು ಬಂದರು. ಟೋಪಿ ತೆಗೆದರೆ ತಲೆ ಬೆಳ್ಳಿ ಬಟ್ಟಲು.

"ಆ ಮಾತ್ರೆ ಹೆಸರು ಹೇಳಯ್ಯಾ" ಎಂದರು.

"ಸಾರ್, ಅದು ಕ್ಯಾನ್ಸರ್‌ಗೆ ಕೊಡೋದು. ಆರೋಗ್ಯವಾಗಿರೋರು ಮುಟ್ಟಬಾರದು. ಎದೆ ಊದುತ್ತೆ."

"ಕೋಟು ಹಾಕ್ಕೋತೀನಿ."

"ಗಂಡಸುತನ ಹೋಗುತ್ತೆ ಸಾರ್."

ಅವರು ಸ್ವಲ್ಪ ಯೋಚಿಸಿ, "ಇರಲಿ, ಮುಂದೆ ಹೇಳು" ಎಂದರು.

"ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಕುತ್ತು ಬರಬಹುದು."

"ಎಲ್ಲರೂ ಒಂದಿನ ಹೋಗೋರೇ."

"ಉಪ್ಪು ಬಿಡಬೇಕು."

ಹೆಡ್‌ಮಾಸ್ಟರು ಎದ್ದು ನಿಂತು ಟೋಪಿ ಹಾಕಿಕೊಂಡರು. "ಮನುಷ್ಯ ತಿನ್ನೋ ಮಾತ್ರೆ ಅಲ್ಲ ಬಿಡು ಅದು!"

ಶಲ್ಯ

ನಗುನಗುತ್ತಾ ಇದ್ದೆನೆಂದು ಹೇಳಿದೆನಲ್ಲ, ಒಂದು ವಿಷಯದಲ್ಲಿ ಮಾತ್ರ ನಗು ಬರುತ್ತಿರಲಿಲ್ಲ. ಎದೆ ಬೆಳೆಯುತ್ತಲೇ ಇತ್ತು. ಅಂಗಿ ತಾಗಿದರೆ ನೋವು. ಅದನ್ನು ತಡೆದುಕೊಂಡೆ. ನಾಚಿಕೆಯನ್ನು ತಡೆಯಲಾಗಲಿಲ್ಲ. ಮೈಕಟ್ಟು ತೋರಿಸಿ ಅನ್ನ ಸಂಪಾದಿಸಿದವನು ನಾನು. ಈಗ ಸೆಖೆಯಲ್ಲೂ ಅಂಗಿಯ ಮೇಲೆ ಕೋಟು. ಶ್ರಾವಣ ಬಂತು, ಜನಿವಾರದ ಹಬ್ಬ ಬಂತು. ಛತ್ರದಲ್ಲಿ ಬಡಾವಣೆಯ ಗಂಡಸರೆಲ್ಲ ಬರಿಮೈಯಲ್ಲಿ ಸಾಲಾಗಿ ಕೂತು ಹೊಸ ಜನಿವಾರ ಹಾಕಿಕೊಳ್ಳಬೇಕು. ಹಿಂದಿನ ರಾತ್ರಿ ಹೆಂಡತಿಗೆ ಹೇಳಿದೆ, "ಮಾತ್ರೆ ಇನ್ನು ಸಾಕು. ನೋವು ಹೋಗಿದೆಯಲ್ಲ."

"ಬಿಟ್ರೆ ಎದೆ ತಕ್ಷಣ ಇಳಿಯಲ್ಲ, ರೋಗ ಮಾತ್ರ ಏರುತ್ತೆ ಅಂದಿದಾರೆ ಡಾಕ್ಟ್ರು."

"ಜನ ನೋಡಿ ನಗ್ತಾರೆ ಕಣೇ."

"ನಗಲಿ ರೀ. ನೋಡಿ ನಗೋಕೆ ನೀವು ಇರಬೇಕು ತಾನೇ? ನನಗೆ ನೀವು ಬೇಕು" ಎಂದು ಬಿಕ್ಕಿದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಾನು ದೀಪ ಆರಿಸಿ ಮಲಗಿದೆ. ಬೆಳಗ್ಗೆ ಹೊರಡುವಾಗ ಅವಳು ಆ ದಿನದ ಮಾತ್ರೆಯನ್ನು ನನ್ನ ಶಲ್ಯದ ತುದಿಗೆ ಗಂಟು ಹಾಕಿ ಕಳಿಸಿದಳು.

ಛತ್ರದಲ್ಲಿ ಮೂಲೆ ಹುಡುಕಿ, ಶಲ್ಯವನ್ನು ಕುತ್ತಿಗೆಯ ತನಕ ಸುತ್ತಿಕೊಂಡು ಕೂತೆ. ಪುರೋಹಿತರು ಬಿಡಲಿಲ್ಲ. "ಮಾಸ್ತರೇ, ಚಳಿ ಜ್ವರವೇ? ಶಲ್ಯ ಸೊಂಟಕ್ಕೆ ಕಟ್ಕೊಳ್ಳಿ" ಎಂದು ಎಲ್ಲರೂ ಕೇಳುವಂತೆ ಹೇಳಿದರು. ದೇವರ ಮೇಲೆ ಭಾರ ಹಾಕಿ, ಕಣ್ಣು ಮುಚ್ಚಿಕೊಂಡು ಬಿಚ್ಚಿದೆ. ನಗು ಕೇಳಲಿಲ್ಲ. ಕಣ್ಣು ಬಿಟ್ಟೆ.

ಸಾಲು ನೆಟ್ಟಗಿದೆಯೇ ಎಂದು ನೋಡುವುದು ನನ್ನ ಜೀವಮಾನದ ಅಭ್ಯಾಸ. ಈ ತುದಿಯಿಂದ ಆ ತುದಿಗೆ ಕಣ್ಣಾಡಿಸಿದೆ. ರಿಟೈರಾದ ಅಮಲ್ದಾರರು, ಅಕೌಂಟೆಂಟರು, ಇಂಜಿನಿಯರು. ಒಬ್ಬೊಬ್ಬರ ಹೊಟ್ಟೆಯೂ ಪಂಚೆಯ ಗಂಟು ದಾಟಿ ಬಂದಿತ್ತು. ಆ ಹೊಟ್ಟೆಯ ಮೇಲೆ ಒಬ್ಬೊಬ್ಬರ ಎದೆಯೂ ದಿಂಬಿನ ಮೇಲೆ ಒರಗಿದ ಹಾಗೆ ನಿಶ್ಚಿಂತೆಯಾಗಿ ಒರಗಿತ್ತು. ಇಡೀ ಸಾಲಿನಲ್ಲಿ ಎಲ್ಲರಿಗಿಂತ ಚಿಕ್ಕದು ನನ್ನದೇ!

ನನಗೆ ಉಕ್ಕಿ ಬಂದ ಆನಂದ ಹೇಳತೀರದು. ತೀರ್ಥ ಬಂದಾಗ ಶಲ್ಯದ ಗಂಟು ಬಿಚ್ಚಿ, ಎಲ್ಲರೆದುರಿಗೇ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ನುಂಗಿದೆ. ಪಕ್ಕದಲ್ಲಿ ಕೂತಿದ್ದ ಶಿರಸ್ತೇದಾರರು, "ಏನದು?" ಎಂದರು. ಇನ್ನೇನು ಮುಚ್ಚುಮರೆ? ಬೀದಿಯವರು ಪಿಸುಮಾತಲ್ಲಷ್ಟೇ ಆಡುತ್ತಿದ್ದ ರೋಗದ ಹೆಸರನ್ನೂ ಬಾಯಿಬಿಟ್ಟು ಹೇಳಿದೆ, ಮಾತ್ರೆಯಿಂದ ಎದೆ ಬಂದದ್ದನ್ನೂ ಹೇಳಿದೆ, ಬದುಕಿರುವ ತನಕ ಇದನ್ನು ಬಿಡುವುದಿಲ್ಲ ಎಂದೂ ಹೇಳಿದೆ. ಮಂತ್ರ ನಿಂತಿತ್ತು, ಎಲ್ಲರೂ ಕಿವಿಗೊಟ್ಟಿದ್ದರು.

ಶಿರಸ್ತೇದಾರರು ನನ್ನ ಎದೆಯನ್ನು ನೋಡಿದರು. ಬಗ್ಗಿ ತಮ್ಮದನ್ನು ನೋಡಿಕೊಂಡರು. ಸಾಲಿನ ಉದ್ದಕ್ಕೂ ನೋಡಿದರು. ಆಮೇಲೆ ಕೋರ್ಟಿನಲ್ಲಿ ತೀರ್ಪು ಓದುವ ಗಾಂಭೀರ್ಯದಿಂದ ನನ್ನ ಬೆನ್ನು ತಟ್ಟಿ ಹೇಳಿದರು:

"ಅದಕ್ಕೆ ಯಾಕೆ ನಾಚಿಕೆ ಮಾಸ್ತರೇ? ನಿಮ್ಮದು ಡಾಕ್ಟರು ಕೊಡಿಸಿದ್ದು. ನಮ್ಮದೆಲ್ಲ ಸ್ವಯಾರ್ಜಿತ!"