ಸದರಿ ಕಲ್ಲಮ್ಮನವರು ನ್ಯಾಮತಿಯಲ್ಲಿ ಇಳಿದಿರುತ್ತಾರೆ

ನನ್ನ ಅಕ್ಷರ ದುಂಡಗಿದೆ. ನಮ್ಮ ಮನೆಗೆ ಬಂದ ಕಷ್ಟಗಳಿಗೆಲ್ಲ ಅದೇ ಮೂಲ. ಹೊನ್ನಾಳಿಯ ಸ್ಕೂಲಿನಿಂದ ಎಂಟನೆಯ ಕ್ಲಾಸಿನ ನಡುವೆಯೇ ಬಿಡಿಸಿ ನನ್ನನ್ನು ಚನ್ನಗಿರಿಗೆ ಮದುವೆ ಮಾಡಿ ಕೊಟ್ಟಾಗ, ಇನ್ನು ಬರೆಯುವ ಕೆಲಸ ತಪ್ಪಿತು ಎಂದು ಮೂರು ದಿನ ಅತ್ತಿದ್ದೆ. ನನಗೀಗ ಹದಿನೇಳು. ಬರೆಯುವ ಕೆಲಸ ತಪ್ಪಲೇ ಇಲ್ಲವಲ್ಲ ಎಂದು ಈಗ ಅಳುತ್ತೇನೆ. (ಒಲೆಯ ಮುಂದೆ ಕೂತು ಅಳುತ್ತೇನೆ. ಯಾರಾದರೂ ಕೇಳಿದರೆ ಹೊಗೆ ಎನ್ನಬಹುದು.)

ಮನೆಯಲ್ಲಿ ನಾವು ಮೂರೇ ಜನ. ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿರುವ ನಮ್ಮ ಯಜಮಾನರು, ಅವರ ತಾಯಿ ಕಲ್ಲಮ್ಮನವರು, ಮತ್ತು ನಾನು. ಮಂಡಿಯಲ್ಲಿ ದಿನವೆಲ್ಲ ಬರೆದು ಬಂದ ಯಜಮಾನರು ಮನೆಯಲ್ಲಿ ಲೇಖನಿ ಮುಟ್ಟುವುದಿಲ್ಲ. ಅತ್ತೆಗೆ ಓದು ಬಾರದು, ಆದರೆ ಹೇಳಿ ಬರೆಸುವುದು ಚೆನ್ನಾಗಿ ಬರುತ್ತದೆ. ನಡುಮನೆಯ ಗೋಡೆ ಗಡಿಯಾರವೂ ನನ್ನ ಪಾಲಿಗೇ ಬಂದದ್ದು. ಕೀಲಿ ಕೊಡುವುದು, ಪಂಚಾಂಗದಲ್ಲಿ ಸೂರ್ಯೋದಯ ಎಷ್ಟು ಗಂಟೆಗೆಂದು ನೋಡಿ ಮುಳ್ಳು ತಿದ್ದುವುದು, ಎಲ್ಲ ನಾನೇ. ಕೆಲಸವೆಂದರೆ ಅಚ್ಚುಕಟ್ಟಾಗಿರಬೇಕು. ಈ ಸೆಪ್ಟೆಂಬರಿನಲ್ಲಿ ಒಂದು ದಿನ ಆ ಗಡಿಯಾರಕ್ಕೆ ಏನು ಹಿಡಿಯಿತೋ, ಬೆಳಗಾಗುವಷ್ಟರಲ್ಲಿ ಪೂರ್ತಿ ಒಂದು ಗಂಟೆ ಮುಂದೆ ಹೋಗಿತ್ತು. ಯಾರನ್ನೂ ಗಾಬರಿಪಡಿಸದೆ ಸ್ಟೂಲು ಹತ್ತಿ ಹಿಂದಕ್ಕೆ ತಿರುಗಿಸಿದೆ.

ಅತ್ತೆಯ ತಮ್ಮ ರೇವಣ್ಣ ಮಾವನಿರುವುದು ನ್ಯಾಮತಿಯಲ್ಲಿ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಅವರಿಗೊಂದು ಗಂಡುಮಗುವಾಯಿತು. ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ತೀರಿಹೋದ ತಂದೆಯ ಹೆಸರು, ಜುಂಜಪ್ಪ ಎಂದು, ಇಡುವುದಾಗಿ ಅತ್ತೆ ಹನ್ನೊಂದು ವರ್ಷದಿಂದ ಗಟ್ಟಿಮಾಡಿಕೊಂಡು ಕೂತಿದ್ದರು. ಮಗುವಿನ ತಾಯಿಗೋ ಪ್ರಭಾಕರ ಎಂದಿಡುವ ಆಸೆ. ಅತ್ತೆ ಹೋಗದಿದ್ದರೆ ಅಜ್ಜನ ಹೆಸರು ಉಳಿಯುವುದಿಲ್ಲ. ಹೀಗಾಗಿ ದಸರೆ ಕಳೆದ ಮೇಲಿನ ಒಂದು ಸೋಮವಾರ, ಮಧ್ಯಾಹ್ನದ ತೊಟ್ಟಿಲು ಶಾಸ್ತ್ರಕ್ಕೆ ಬೆಳಗಿನ ಎಂಟರ ಬಸ್ಸಿಗೆ ನಾವಿಬ್ಬರೂ ಹೊರಡುವುದೆಂದಾಯಿತು.

ಆದರೆ ಸೋಮವಾರ ಆ ಹೊತ್ತಿಗೆ ರಾಹುಕಾಲ. ಅದಕ್ಕೆ ನಮ್ಮಲ್ಲಿ ಉಪಾಯವಿದೆ. ಹಿಂದಿನ ದಿನವೇ ಒಳ್ಳೆಯ ಗಳಿಗೆ ನೋಡಿ ಪ್ರಯಾಣದ ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟುಬಿಡುವುದು. ಇದಕ್ಕೆ ಪ್ರಸ್ಥಾನ ಎನ್ನುತ್ತಾರೆ. ಗಂಟು ಹೊರಟಿತೆಂದರೆ ಮನುಷ್ಯ ಹೊರಟಂತೆಯೇ ಲೆಕ್ಕ. ಭಾನುವಾರ ಗಂಟು ಕಟ್ಟಿದವಳು ನಾನೇ. ಕೆಳಗೆ ಸೀರೆಗಳು, ಅದರ ಮೇಲೆ ಹಿತ್ತಾಳೆ ಚೊಂಬು. ಮಗುವಿನ ಕುಲಾವಿ ಸುಕ್ಕಾಗಬಾರದೆಂದು ಅದನ್ನು ಚೊಂಬಿಗೆ ತೊಡಿಸಿ, ಎಲ್ಲದರ ಮೇಲೆ ಅತ್ತೆಯ ಕಂದು ಶಾಲನ್ನು ತಲೆ ಮೇಲಿಂದ ಇಳಿಬಿಟ್ಟು ಬಿಗಿದೆ. ಗಂಟು ಎಷ್ಟು ನೆಟ್ಟಗೆ ಕೂತಿತ್ತೆಂದರೆ ಯಜಮಾನರು ಮಂಡಿಯಿಂದ ಬಂದವರು ಅದಕ್ಕೆ, “ಅವ್ವ, ನೀರು ಕಾದಾವೇನು?” ಎಂದು ಕೇಳಿದರು. ಅದನ್ನು ಬಸ್ ನಿಲ್ಲುವ ಜಾಗದ ಎದುರಿಗಿರುವ ಲಕ್ಷ್ಮಕ್ಕನ ಮನೆಯಲ್ಲಿ ಇಟ್ಟು ಬಂದೆವು.

ಸೋಮವಾರ ಏಳೂವರೆಗೆಲ್ಲ ಹೋಗಿ ನಿಂತೆವು. ಬಸ್ ಏಜೆಂಟರ ಕೊಠಡಿಗೆ ಬೀಗ. ಲಕ್ಷ್ಮಕ್ಕನ ಮನೆಗೂ ಬೀಗ. ಮಗಳ ಬಾಣಂತನಕ್ಕೆ ಹೊರಟುಹೋಗಿದ್ದಾಳೆಂದು ಪಕ್ಕದವರು ಹೇಳಿದರು. ಗಂಟು ಒಳಗೇ ಉಳಿಯಿತು. ಹೋಗಲಿ ಎಂದರೆ ಬಸ್ಸೂ ಇಲ್ಲ. ಎಂಟಾಯಿತು, ಒಂಬತ್ತಾಯಿತು, ಹನ್ನೊಂದಾಯಿತು. ಯಾರನ್ನಾದರೂ ಕೇಳೋಣವೆಂದು ನಾನು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಅದರೊಳಗೆ ಸೆರಗು ತುರುಕಿಕೊಂಡೆ. ಗಂಡಸರನ್ನು ಕೇಳುವುದು ಅತ್ತೆಗೆ ಅವಮಾನ. ಎರಡು ಗಂಟೆಗೆ ಇದ್ದಿಲು ಉರಿಸಿ ಓಡುವ ಒಂದು ಬಸ್ಸು ಹೊಗೆ ಬಿಡುತ್ತ ಬಂತು. ಅಷ್ಟು ಹೊತ್ತಿಗೆ ತೊಟ್ಟಿಲು ಶಾಸ್ತ್ರ ಮುಗಿದಿರುತ್ತದೆ. ಅತ್ತೆ ಬಸ್ಸನ್ನು ಕಣ್ಣೆತ್ತಿಯೂ ನೋಡದೆ ಮನೆಯ ಕಡೆ ತಿರುಗಿದರು.

“ಪರಸ್ತಾನ ಇಟ್ಟ ಮ್ಯಾಲೆ ಮನಿಗೆ ಬರಬಾರದು,” ಎಂದರು ಹೊಸ್ತಿಲಲ್ಲಿ ನಿಂತು, ಬಹಳ ಮೆಲ್ಲಗೆ. “ಅರ್ಧ ನಾನು ನಿನ್ನೆನೇ ಹೊರಟಾಗೈತೆ. ಈಗ ಒಳಗೆ ಬರೋದು ಇನ್ನರ್ಧ.”

ನನಗೆ ಬೆನ್ನಿನಲ್ಲಿ ಚಳಿ ಹರಿಯಿತು. ಆದರೆ ಒಳಗೆ ಬಂದ ಅರ್ಧವೇ ನಾಲ್ಕು ರೊಟ್ಟಿ ತಿಂದದ್ದರಿಂದ ಸಮಾಧಾನ ಮಾಡಿಕೊಂಡೆ.

ಆ ಬಸ್ಸು ಶ್ರೀ ನಂದಿಧ್ವಜ ಮೋಟಾರ್ ಸರ್ವಿಸ್‌ನವರದು, ಹೆಡ್ಡಾಫೀಸು ಜಗಳೂರಿನಲ್ಲಿ. ಊರಿಗೆಲ್ಲ ಹಂಚಿದ್ದ ಕರಪತ್ರದಲ್ಲಿ ಅವರು, ಬಸ್ಸು ತಡವಾಗಿ ಪ್ರಯಾಣಿಕರಿಗೆ ನಷ್ಟವಾದಲ್ಲಿ ತುಂಬಿಕೊಡಲಾಗುವುದು ಎಂದು ಅಚ್ಚು ಹಾಕಿಸಿದ್ದರು. ಅತ್ತೆ ಅದನ್ನು ಡಬ್ಬಿಯಲ್ಲಿ ಜೋಪಾನವಾಗಿಟ್ಟಿದ್ದರು. ನಾನು ಲೇಖನಿ ಹಿಡಿದು ಕೂತೆ. ನಷ್ಟ ಏನೆಂದು ಬರೆಯಲಿ ಎಂದು ಕೇಳಿದೆ. ಯಜಮಾನರು, ಟಿಕೆಟ್ಟನ್ನೇ ಕೊಂಡಿಲ್ಲ, ನಷ್ಟ ಎಲ್ಲಿಂದ ಬಂತು ಎಂದರು.

“ನಮ್ಮಪ್ಪನ ಹೆಸರು ಹೋಗೈತೆ. ಹೆಸರು ವಾಪಸ್ ಕೊಡಿಸ್ರಿ ಅಂತ ಬರಿ,” ಎಂದರು ಅತ್ತೆ.

ಹಾಗೆಯೇ ಬರೆದೆ. ಕರಡು ತಿದ್ದಿ, ಗೆರೆ ಹಾಕಿದ ಕಾಗದದ ಮೇಲೆ ಮೂರು ಪ್ರತಿ ಮಾಡಿದೆ. ಒಂದರಲ್ಲೂ ಒಂದು ಚಿತ್ತಿಲ್ಲ.

ಹತ್ತು ದಿನಕ್ಕೆ ಉತ್ತರ ಬಂತು. ಯಜಮಾನರು ಊಟಕ್ಕೆ ಕೂತಿದ್ದರು; ನಾನೇ ಓದಿದೆ.

“ತಾವು ತಿಳಿಸಿದ ದಿವಸ ನಮ್ಮ ಬಸ್ಸು ಎಂಟು ಗಂಟೆಗೆ ಸರಿಯಾಗಿ ಹೊರಟಿರುತ್ತದೆ. ಮೂರನೇ ಸೀಟಿನಲ್ಲಿ ಸದರಿ ಕಲ್ಲಮ್ಮನವರು ಕಂದು ಶಾಲು ಹೊದ್ದು ಪ್ರಯಾಣ ಮಾಡಿರುತ್ತಾರೆ. ಹೊನ್ನಾಳಿಯಲ್ಲಿ ಎಲ್ಲರೂ ಚಹಾಕ್ಕೆ ಇಳಿದಾಗ್ಯೂ ಸದರಿಯವರು ಇಳಿದಿರುವುದಿಲ್ಲ, ಯಾರೊಂದಿಗೂ ಮಾತನಾಡಿರುವುದಿಲ್ಲ. ಸದರಿ ಕಲ್ಲಮ್ಮನವರು ಹೊತ್ತಿಗೆ ಸರಿಯಾಗಿ ನ್ಯಾಮತಿಯಲ್ಲಿ ಇಳಿದಿರುತ್ತಾರೆ. ತಲುಪಿದವರಿಗೆ ನಷ್ಟ ಕೊಡುವ ಪದ್ಧತಿ ಇರುವುದಿಲ್ಲ.”

ಯಜಮಾನರ ಕೈಯ ತುತ್ತು ತಟ್ಟೆಗೆ ಬಿತ್ತು. ಅತ್ತೆ ಮಜ್ಜಿಗೆ ಕಡೆಯುವುದನ್ನು ನಿಲ್ಲಿಸಲಿಲ್ಲ.

“ನೋಡಿದ್ಯಾ,” ಎಂದರು. “ಹೋಗೈತೆ.”

ಅವತ್ತಿನಿಂದ ನಮ್ಮ ಮನೆಯ ಗಾಳಿಯೇ ಬದಲಾಯಿತು. ಯಜಮಾನರು ನನ್ನನ್ನು ಹಿತ್ತಲಿಗೆ ಕರೆದು, ಬಸ್ಸಿನಲ್ಲಿ ಹೋದದ್ದು ಅವ್ವ ಅಲ್ಲ, ಅವ್ವ ಅಷ್ಟು ದೂರ ಮಾತಾಡದೆ ಕೂರುವವಳಲ್ಲ ಎಂದು ಪಿಸುಗುಟ್ಟಿದರು. ಸ್ವಲ್ಪ ಯೋಚಿಸಿ ಮುಖ ಬಿಳಿಚಿಕೊಂಡು, ಹೋದದ್ದು ಅವ್ವನೇ ಆದರೆ ಇಲ್ಲಿರುವುದು ಯಾವುದು ಎಂದರು. ನನಗೂ ಅದೇ ಪ್ರಶ್ನೆ. ಮಧ್ಯಾಹ್ನ ಅತ್ತೆ ಗೋಡೆಗೊರಗಿ ಕೂತಿದ್ದಾಗ ಅವರ ನೆರಳು ಒಂದೋ ಎರಡೋ ಎಂದು ಎಣಿಸಿದೆ. ಒಂದೇ ಇತ್ತು, ಆದರೆ ಸ್ವಲ್ಪ ತೆಳ್ಳಗೆ ಕಂಡಿತು. ದೆವ್ವದ ಪಾದ ಹಿಂದುಮುಂದಾಗಿರುತ್ತದೆ ಎಂದು ಕೇಳಿದ್ದೆ. ಅದನ್ನೂ ನೋಡಿಬಿಡೋಣವೆಂದು ಮರುದಿನ ಬೆಳಗ್ಗೆ ಅವರ ಕಾಲ ಹತ್ತಿರ ಬಗ್ಗಿದೆ. ನಮಸ್ಕಾರವೆಂದು ತಿಳಿದು ಅವರು ತಲೆ ಮೇಲೆ ಕೈಯಿಟ್ಟು ಹರಸಿದರು. ಕೈ ತಣ್ಣಗಿತ್ತು. (ಮಜ್ಜಿಗೆ ಕಡೆದ ಕೈ ತಣ್ಣಗಿರುತ್ತದೆ ಎಂಬುದು ಆಗ ಹೊಳೆಯಲಿಲ್ಲ.) ಸೀರೆ ಅಂಚು ಅಡ್ಡ ಬಂದು ಪಾದ ಸರಿಯಾಗಿ ಕಾಣಲಿಲ್ಲ. ಹೀಗಾಗಿ ದಿನಾ ಬಗ್ಗಬೇಕಾಯಿತು. ಸೊಸೆ ದಿನಾ ಕಾಲಿಗೆ ಬೀಳುತ್ತಾಳೆಂದು ಓಣಿಯಲ್ಲೆಲ್ಲ ನನ್ನ ಗುಣಗಾನವಾಯಿತು.

ಇಷ್ಟರಲ್ಲಿ ನ್ಯಾಮತಿಯಿಂದ ರೇವಣ್ಣ ಮಾವನ ಕಾರ್ಡು ಬಂತು. ಅದನ್ನು ಓದುವಾಗ ನನ್ನ ದನಿ ನನಗೇ ಬೇರೆ ಯಾರದೋ ಎನ್ನಿಸಿತು. “ಅಕ್ಕಾ, ಶಾಸ್ತ್ರದ ದಿನ ಬಂದು ಒಳಕೋಣೆಯಲ್ಲಿ ಮುಸುಕು ಹಾಕಿ ಕೂತೆ. ನಿನ್ನ ಕೋಪ ಬಲ್ಲ ನಾವು ಯಾರೂ ಹತ್ತಿರ ಬರಲಿಲ್ಲ. ಗಿಡ್ಡಮ್ಮಜ್ಜಿಯೇ ಮಗುವನ್ನು ನಿನ್ನ ಬಾಯಿಗೆ ಹಿಡಿದಳು. ನೀನು ಜುಂಜಪ್ಪ ಅಂದೆಯಂತೆ. ಅದೇ ಹೆಸರಿಟ್ಟೆವು. ಊಟಕ್ಕೆ ಕರೆಯಲು ದೀಪ ತಂದರೆ ನೀನಿಲ್ಲ, ಶಾಲು ಹೊದಿಸಿದ ಗಂಟು ಮಾತ್ರ ಇತ್ತು. ಅಟ್ಟದ ಮೇಲಿಟ್ಟಿದ್ದೇವೆ. ಹೇಳದೆ ಹೋದದ್ದೇಕೆ?”

ಗಂಟು ಲಕ್ಷ್ಮಕ್ಕನ ಮನೆಯ ಬೀಗದೊಳಗಿತ್ತು. ಬೀಗ ಹಾಗೆಯೇ ಇತ್ತು; ಯಜಮಾನರು ಓಡಿಹೋಗಿ ಎಳೆದು ನೋಡಿ ಬಂದರು. ಇನ್ನು ಗಿಡ್ಡಮ್ಮಜ್ಜಿ ನಮ್ಮ ಅತ್ತೆಯ ಚಿಕ್ಕಮ್ಮ. ಅವಳ ಕಿವಿ ಕೇಳದೆ ನಲವತ್ತು ವರ್ಷವಾಗಿತ್ತು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಷ್ಟು ಹಗುರಾದ ಮುಖ ನಾನು ಅದುವರೆಗೆ ನೋಡಿರಲಿಲ್ಲ. ಹೆಸರು ಉಳಿಯಿತಲ್ಲ, ಕಂಪನಿಯವರ ಮೇಲೆ ಇನ್ನು ತಕರಾರಿಲ್ಲ ಎಂದು ಕಾಗದ ಬರಿ ಎಂದರು. ಬರೆಯುತ್ತಿರುವಾಗಲೇ ಬಾಗಿಲಲ್ಲಿ ಏಜೆಂಟ್ ಯರ್ರಿಸ್ವಾಮಿ ಬಂದು ನಿಂತರು. ಜಗಳೂರಿನಿಂದ ಅಪ್ಪಣೆಯಾಗಿತ್ತಂತೆ, ಅರ್ಜಿದಾರರನ್ನು ಕಣ್ಣಾರೆ ಕಂಡು ವರದಿ ಮಾಡಬೇಕೆಂದು. ಅವರು ಅತ್ತೆಯನ್ನು ನೋಡಿ, ಗೋಡೆ ಗಡಿಯಾರ ನೋಡಿ, ತಮ್ಮ ಜೇಬಿನ ಗಡಿಯಾರ ತೆಗೆದು ನೋಡಿದರು.

“ಇದೇನ್ರಿ, ನಿಮ್ಮ ಮನ್ಯಾಗೆ ಇನ್ನೂ ಹಳೇ ಟೈಮು? ಯುದ್ಧ ಅಂತ ಸರ್ಕಾರದೋರು ಸೆಪ್ಟೆಂಬರ್ ಒಂದಕ್ಕೇ ಒಂದು ಗಂಟೆ ಮುಂದೆ ಇಡಾಕೆ ಹೇಳ್ಯಾರಲ್ಲ. ನೀವು ಬಂದು ನಿಂತಾಗ ಬಸ್ಸು ಹೋಗಿ ಅರ್ಧ ಗಂಟೆ ಆಗಿರ್ತೈತೆ. ಎರಡಕ್ಕೆ ನೀವು ಕಂಡಿದ್ದು ಮಧ್ಯಾಹ್ನದ ಬಸ್ಸು.”

“ನಾನೇ ಕೈಯಾರೆ ಮುಂದೆ ಇಟ್ಟಿದ್ದೆ,” ಎಂದರು ಯಜಮಾನರು. ಎರಡು ತಿಂಗಳಿಂದ ದಿನವೂ ಒಂದು ಗಂಟೆ ತಡವಾಗಿ ಬರುತ್ತೀಯೆಂದು ಸಾಹುಕಾರರು ಬೈಯುತ್ತಿದ್ದದ್ದು, ಸಾಹುಕಾರರಿಗೆ ಅರಳುಮರುಳೆಂದು ತಾವು ಮನೆಯಲ್ಲಿ ಆಡಿದ್ದು, ಎಲ್ಲ ಅವರ ಮುಖದ ಮೇಲೆ ಒಂದೊಂದಾಗಿ ಹಾದುಹೋಯಿತು. “ಹಿಂದಕ್ಕೆ ಇಟ್ಟೋರು ಯಾರು?”

ಮೂವರೂ ಸ್ಟೂಲನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

ಮುಂದಿನ ವಾರ ಲಕ್ಷ್ಮಕ್ಕ ಊರಿಗೆ ಮರಳಿದಳು, ಉಳಿದದ್ದೂ ತಿಳಿಯಿತು. ಅವಳ ಮಗಳ ಊರು ನ್ಯಾಮತಿಯಿಂದ ಸೂರಗೊಂಡನಕೊಪ್ಪದ ದಾರಿಯಲ್ಲಿದೆ. ಅದೇ ಎಂಟರ ಬಸ್ಸಿಗೆ ಹೊರಟಿದ್ದ ಅವಳು, ಬಸ್ಸು ಬಿಡುವ ಹೊತ್ತಾದರೂ ನಾವು ಬಾರದಿದ್ದಾಗ, ಪ್ರಸ್ಥಾನದ ಗಂಟು ನಿಂತರೆ ಕೆಡುಕೆಂದು ಹೆದರಿ, ಅದನ್ನು ತನ್ನ ಪಕ್ಕದ ಸೀಟಿನಲ್ಲಿ ಕೂರಿಸಿ ಅದಕ್ಕೂ ಟಿಕೆಟ್ ತೆಗೆಸಿದ್ದಳು. ಯಾರ ಸೀಟೆಂದು ಕೇಳಿದ ಕಂಡಕ್ಟರಿಗೆ ಕಲ್ಲಮ್ಮನದು ಎಂದಿದ್ದಳು. ನ್ಯಾಮತಿಯಲ್ಲಿ ರೇವಣ್ಣ ಮಾವನ ಮನೆಯ ಒಳಕೋಣೆಯಲ್ಲಿ ಇಳಿಸಿ, ಮಗಳ ಊರಿನ ಗಾಡಿ ಕಾಯುತ್ತಿತ್ತೆಂದು ಯಾರಿಗೂ ಹೇಳದೆ ಓಡಿದ್ದಳು.

“ಹಂಗಾರೆ ಹೆಸರು ನೀನಾ ಹೇಳಿದ್ದು?” ಎಂದು ಅತ್ತೆ ಕೇಳಿದರು.

“ನಾನು ಶಾಸ್ತ್ರದ ಹೊತ್ತಿಗೆ ಅಲ್ಲಿ ಎಲ್ಲಿದ್ದೆ ಕಲ್ಲಮ್ಮ? ಗಾಡಿಯಾಗಿದ್ದೆ.”

ಗಡಿಯಾರ ಹೊಸ ಟೈಮಿನಲ್ಲಿ ಟಕಟಕ ಎನ್ನುತ್ತಿತ್ತು.

ಅತ್ತೆ ನನ್ನನ್ನು ಬೈಯಲಿಲ್ಲ. ನನಗೆ ವಿಧಿಸಿದ ದಂಡ ಇಷ್ಟೇ: ನಾನೊಬ್ಬಳೇ ನ್ಯಾಮತಿಗೆ ಹೋಗಿ ಗಂಟನ್ನು ತರಬೇಕು, ದಾರಿಯಲ್ಲಿ ಅದನ್ನು ನೆಲಕ್ಕಿಡಬಾರದು. ಗಂಟಿನೊಂದಿಗೆ ಮರಳುವಾಗ ನನಗೆ ನನ್ನ ಟಿಕೆಟ್ ಕೇಳುವುದಕ್ಕೇ ನಾಚಿಕೆ. ಕಂಡಕ್ಟರನಿಗೆ ಕಂದು ಶಾಲಿನ ಗುರುತಿತ್ತು, ತಾನಾಗಿಯೇ ಎರಡು ಹರಿದ. ಹೊನ್ನಾಳಿಯಲ್ಲಿ ಎಲ್ಲರೂ ಚಹಾಕ್ಕೆ ಇಳಿದರು. ನಾವಿಬ್ಬರು ಇಳಿಯಲಿಲ್ಲ, ಮಾತಾಡಲೂ ಇಲ್ಲ. ಕಿಟಕಿಯ ಗಾಳಿಗೆ ಶಾಲು ಒಂದು ಸಲ ನನ್ನ ಕಡೆ ತಿರುಗಿತು. ನಾನು ರಸ್ತೆ ನೋಡುತ್ತ ಕೂತೆ.

ಮನೆಗೆ ತಂದ ಗಂಟನ್ನು ಬಿಚ್ಚಲು ಅತ್ತೆ ಬಿಡಲಿಲ್ಲ. ಅದು ಈಗ ಅಡುಗೆಮನೆಯ ಮೂಲೆಯ ಮಣೆಯ ಮೇಲೆ, ನನ್ನ ಒಲೆಯ ಕಡೆ ಮುಖಮಾಡಿ ಕೂತಿದೆ. ಹೊತ್ತಿಗೆ ಸರಿಯಾಗಿ ಹೋಗಿ, ಹೇಳಿದ ಕೆಲಸ ಮಾಡಿ ಬಂದದ್ದು ಈ ಮನೆಯಲ್ಲಿ ಅದೊಂದೇ ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ. ಅಂತೂ ಎಲ್ಲ ಹೆಣ್ಣುಮಕ್ಕಳಿಗೂ ಒಬ್ಬರು ಅತ್ತೆ, ನನಗೆ ಇಬ್ಬರು. ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ನೋಡುತ್ತಾರೆ. ಒಲೆಯ ಮುಂದೆ ಕೂತು ಗುಟ್ಟಾಗಿ ಅಳುವುದೂ ತಪ್ಪಿತು. ದಿನಾ ಬೆಳಗ್ಗೆ ಇಬ್ಬರಿಗೂ ನಮಸ್ಕಾರ ಮಾಡಬೇಕು. ನಾನೇ ಹಾಕಿಕೊಂಡ ಅಭ್ಯಾಸ, ಈಗ ಬಿಡುವಂತಿಲ್ಲ. ಮೊದಲನೆಯವರ ಪಾದ ನೆಟ್ಟಗೇ ಇದೆ, ಕೊನೆಗೂ ನೋಡಿದೆ. ಎರಡನೆಯವರಿಗೆ ಕಾಲು ಎಲ್ಲಿದೆಯೆಂದು ಗೊತ್ತಾಗದೆ, ತಪ್ಪಾಗಬಾರದೆಂದು, ಸುತ್ತಲೂ ಬಂದು ನಾಲ್ಕು ಕಡೆಯಿಂದಲೂ ಬೀಳುತ್ತೇನೆ.